ಜಪಾನಿನಿಂದ ಅನಗೋಳಕ್ಕೆ ಬಂದ ಸ್ಯಾಕ್ಸೋಫೋನು

ಬೆಳಗಾವಿಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಒಂದು ಸಂಜೆ ಅನಗೋಳದ ನನ್ನ ಬಾಡಿಗೆ ಕೋಣೆಯಲ್ಲಿ ಅಕ್ಕಿ ತೊಳೆಯುತ್ತಿದ್ದಾಗ ದೂರದಿಂದ ಸ್ಯಾಕ್ಸೋಫೋನಿನ ಸ್ವರ ಕೇಳಿಸಿತು. ಒದ್ದೆ ಕೈಯಲ್ಲೇ ಹೊರಗೆ ಓಡಿದೆ. ಚಪ್ಪಲಿಯೂ ಹಾಕಿಕೊಳ್ಳಲಿಲ್ಲ. ನಮ್ಮ ಕಡೆಯ ಯಾರೋ ಬಂದಿದ್ದಾರೆ, ಹತ್ತಿರದಲ್ಲಿ ಎಲ್ಲೋ ದೇವರ ಉತ್ಸವ ಉಂಟು ಎಂದೇ ನನ್ನ ಮನಸ್ಸು ತೀರ್ಮಾನಿಸಿಬಿಟ್ಟಿತ್ತು. ಓಣಿಯ ತಿರುವಿನಲ್ಲಿ ಕಂಡದ್ದು ಮದುವೆಯ ಮೆರವಣಿಗೆ. ಕುದುರೆಯ ಮೇಲೆ ಮದುಮಗ, ಅವನ ಮುಂದೆ ಕೆಂಪು ಕೋಟಿನ ಬ್ಯಾಂಡಿನವರು, ಅವರಲ್ಲೊಬ್ಬನ ಕೊರಳಲ್ಲಿ ಸ್ಯಾಕ್ಸೋಫೋನು. ಅವನು ಸಿನಿಮಾ ಹಾಡು ಊದುತ್ತಿದ್ದ, ಹುಡುಗರು ಕುಣಿಯುತ್ತಿದ್ದರು.

ಮನೆಯ ಯಜಮಾನಿ ನೀಲಕ್ಕ ಗೇಟಿನ ಬಳಿ ನಿಂತಿದ್ದವರು ನನ್ನ ಮುಖ ನೋಡಿ ಗಾಬರಿಯಾದರು. "ಏನಾತ್ರೀ? ಹಿಂಗ್ಯಾಕ ಓಡಿ ಬಂದ್ರಿ?"

"ನಮ್ಮ ಊರಲ್ಲಿ ಇದನ್ನು ದೇವಸ್ಥಾನದಲ್ಲಿ ಊದುತ್ತಾರೆ ಅಕ್ಕಾ. ನನ್ನ ಅಪ್ಪ ಊದುತ್ತಾರೆ. ನಾನೂ ಊದುತ್ತೇನೆ."

"ಗುಡಿಯೊಳಗ ಬ್ಯಾಂಡಿನ ಪೀಪಿ? ಖರೇನ?" ಎಂದು ಅವರು ನಕ್ಕರು. ಖರೇ ಎಂದರೆ ನಿಜ. ಮರಾಠಿಯಿಂದ ಬಂದ ಮಾತಂತೆ. ಆ ನಗುವಿನಲ್ಲಿ ಕೊಂಕು ಇರಲಿಲ್ಲ, ಆದರೂ ಒಳಗೆ ಬಂದು ಅಕ್ಕಿಯ ಪಾತ್ರೆಯ ಮುಂದೆ ಕೂತು ಅತ್ತುಬಿಟ್ಟೆ.

ನಮ್ಮ ಊರಿನ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾರ್ಕಳದ ಬದಿಯ ನಮ್ಮ ಹಳ್ಳಿಗಳಲ್ಲಿ ಸ್ಯಾಕ್ಸೋಫೋನು ಪರದೇಶದ್ದು ಎಂದು ಯಾರಿಗೂ ಅನಿಸುವುದೇ ಇಲ್ಲ. ನಾಗಸ್ವರದ ಪಕ್ಕದಲ್ಲಿ ಬಂದು ಕೂತು, ಮೆಲ್ಲಗೆ ಅದರದೇ ಜಾಗ ಹಿಡಿದ ವಾದ್ಯ ಅದು. ಅಪ್ಪನದು ಜಪಾನಿನಲ್ಲಿ ತಯಾರಾದದ್ದು. ಅವರು ಯಾರಿಂದಲೋ ಹಳೆಯದನ್ನು ಕೊಂಡಿದ್ದರು. ಮನೆಯಲ್ಲಿದ್ದದ್ದು ಅದೊಂದೇ. ನಾನು, ತಮ್ಮ ಇಬ್ಬರೂ ಅದರಲ್ಲೇ ಕಲಿತೆವು. ತಮ್ಮ ಅಪ್ಪನ ಜೊತೆ ಮದುವೆಗಳಿಗೆ, ಉತ್ಸವಗಳಿಗೆ ಹೋಗತೊಡಗಿದ ಮೇಲೆ ವಾದ್ಯ ಅವನದಾಯಿತು. ನಾನು ಡಿಪ್ಲೊಮಾ ಮುಗಿಸಿ, ಇಲ್ಲಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಎರಕದ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸಕ್ಕೆ ಬಂದೆ. ಬರುವಾಗ ಬ್ಯಾಗಿನಲ್ಲಿ ಹಾಕಿಕೊಂಡದ್ದು ಒಂದು ಹಳೆಯ ರೀಡು ಮಾತ್ರ. ರೀಡು ಎಂದರೆ ತುಟಿಗೆ ತಾಗುವ ಬೊಂಬಿನಂಥ ತೆಳು ಪಟ್ಟಿ. ಊದಲು ವಾದ್ಯವಿಲ್ಲದವಳಿಗೆ ಅದರಿಂದ ಏನು ಪ್ರಯೋಜನ? ಆದರೂ ಕೆಲವೊಮ್ಮೆ ಅದನ್ನು ತುಟಿಗಿಟ್ಟುಕೊಂಡು ಕೂರುತ್ತಿದ್ದೆ.

ಊರು ಬಿಟ್ಟವರಿಗೆ ಮೊದಲು ಕಾಡುವುದು ಊಟ ಎನ್ನುತ್ತಾರೆ. ನನಗೂ ಹಾಗೇ ಆಯಿತು. ಕುಚ್ಚಲಕ್ಕಿ ಗಂಜಿಯಿಲ್ಲದ ಬೆಳಗು ಬೆಳಗೇ ಅಲ್ಲ ಅನಿಸುತ್ತಿತ್ತು. ಜೋಳದ ರೊಟ್ಟಿಯನ್ನು ಜಗಿದು ಜಗಿದು ದವಡೆ ನೋಯುತ್ತಿತ್ತು. ನೀಲಕ್ಕನ ಶೇಂಗಾ ಹಿಂಡಿ, ಅದೇ ಕಡಲೆಕಾಯಿ ಚಟ್ನಿಪುಡಿ, ರುಚಿ ಹತ್ತಿದ ಮೇಲೆ ರೊಟ್ಟಿ ತಾನಾಗಿ ಇಳಿಯತೊಡಗಿತು. ಭಾಷೆಯ ಕಷ್ಟ ಬೇರೆ ಥರದ್ದು. ನಾವೆಲ್ಲ ಆಡುವುದು ಕನ್ನಡವೇ. ಆದರೆ ನಾನು "ಉಂಟು" ಎಂದರೆ ಫೌಂಡ್ರಿಯ ಹೆಂಗಸರು ಮುಸಿಮುಸಿ ನಗುತ್ತಿದ್ದರು, ಅವರು "ಐತಿ" ಎಂದರೆ ನನಗೆ ಯಾರೋ ಗದರಿದ ಹಾಗೆ ಕೇಳುತ್ತಿತ್ತು. ಅವರ ಮಾತಿನ ಕೊನೆಯ "ರೀ" ಎಷ್ಟು ಮೃದು ಎಂಬುದು ತಿಳಿಯಲು ತುಂಬ ಸಮಯ ಹಿಡಿಯಿತು.

ಎಲ್ಲದಕ್ಕಿಂತ ಹೆಚ್ಚು ಹಿಂಸೆ ಕೊಟ್ಟದ್ದು ಸಂಜೆಗಳು. ಇಲ್ಲಿಯ ಸಂಜೆಗಳಲ್ಲೂ ಬೇಕಾದಷ್ಟು ಸದ್ದು ಉಂಟು: ಬೈಕುಗಳು, ತರಕಾರಿ ಗಾಡಿ, ಮಕ್ಕಳ ಗಲಾಟೆ. ನನಗೆ ಬೇಕಾದ ಸದ್ದು ಮಾತ್ರ ಇರಲಿಲ್ಲ.

ಹೀಗೆ ಎರಡು ಮಳೆಗಾಲ ಕಳೆದ ಮೇಲೆ ಒಂದು ವಾದ್ಯ ಕೊಳ್ಳಲೇಬೇಕೆಂದು ನಿಶ್ಚಯಿಸಿದೆ. ಇಲ್ಲಿಯ ಬ್ಯಾಂಡಿನವರು ಬಳಸುವಂಥದ್ದನ್ನು ಕೈಯಲ್ಲಿ ಹಿಡಿದು ನೋಡಿದ್ದೆ. ಬೀದಿಗೆ ಅದು ಸಾಕು, ಗಮಕಕ್ಕೆ ಬಗ್ಗುವುದಿಲ್ಲ. ಹೊಸ ವಿದೇಶಿ ವಾದ್ಯದ ಬೆಲೆ ಕೇಳಿ ಸುಮ್ಮನಾದೆ. ಕೊನೆಗೆ ಮೊಬೈಲಿನಲ್ಲಿ ಹುಡುಕುತ್ತಿರುವಾಗ ಜಪಾನಿನ ಒಬ್ಬ ಮಾರಾಟಗಾರನ ಬಳಿ ಅಪ್ಪನದ್ದೇ ಮಾದರಿಯ ಹಳೆಯ ಆಲ್ಟೋ ಸ್ಯಾಕ್ಸೋಫೋನು ಕಂಡಿತು. ಅದರ ಹಿತ್ತಾಳೆಯ ಬಣ್ಣ ಮಾಸಿದ ಜಾಗವೂ ಅಪ್ಪನದರಂತೆಯೇ, ಹೆಬ್ಬೆರಳು ಕೂರುವಲ್ಲಿ. ಬೆಲೆ ಕೈಗೆಟುಕುವಂತಿತ್ತು. ಸಾಗಣೆಯ ದರ ಹಾಗಿರಲಿಲ್ಲ. ವಾದ್ಯದ ತೂಕಕ್ಕಲ್ಲ, ಪೆಟ್ಟಿಗೆಯ ಗಾತ್ರಕ್ಕೆ ದರ ಹಾಕುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ.

ಮಾರಾಟಗಾರ ಬಹಳ ವಿನಯದಿಂದ ಒಂದು ಪ್ರಶ್ನೆ ಕಳಿಸಿದ್ದ: ಉಡುಗೊರೆ ಎಂದು ಬರೆದು ಬೆಲೆ ಕಡಿಮೆ ತೋರಿಸಲೇ? ಆ ಸಂದೇಶವನ್ನು ನಮ್ಮ ಫೌಂಡ್ರಿಯ ರವಾನೆ ವಿಭಾಗದ ಯಲ್ಲಪ್ಪನಿಗೆ ತೋರಿಸಿದೆ. ಖಾನಾಪುರ ತಾಲೂಕಿನ ಪಾರಿಶ್ವಾಡದವನು. ನಮ್ಮ ಮಾಲು ಹೊರದೇಶಕ್ಕೆ ಹೋಗುವಾಗ ಕಸ್ಟಮ್ಸಿನ ಕಾಗದಪತ್ರ ನೋಡಿಕೊಳ್ಳುವುದು ಅವನ ಕೆಲಸ.

"ಸುಳ್ಳ ಬರಸಬ್ಯಾಡ್ರಿ ಮೇಡಮ್ಮಾರ," ಎಂದ. "ಸಿಕ್ಕಿಬಿದ್ರ ಮಾಲೂ ಹೋಗತೈತಿ, ದಂಡಾನೂ ಬೀಳತೈತಿ. ಮತ್ತೊಂದು ಹೇಳತೀನಿ, ಸುಂಕ ಬರೇ ಪೀಪಿ ಮ್ಯಾಲ ಅಲ್ಲ. ಸಾಗಾಣಿಕಿ ಖರ್ಚು, ವಿಮಾ, ಎಲ್ಲಾ ಕೂಡಿಸಿ ಅದರ ಮ್ಯಾಲ ಹಾಕತಾರ."

"ತರುವ ಖರ್ಚಿಗೂ ಸುಂಕವಾ?"

"ಹೂನ್ರಿ. ತಯಾರಾಗೇ ತರಸ್ರಿ."

ತಯಾರಾಗಿದ್ದೇನೆ ಎಂದೇ ಅಂದುಕೊಂಡಿದ್ದೆ. ಪೆಟ್ಟಿಗೆ ಮುಂಬೈಗೆ ಬಂದು ನಿಂತ ದಿನ ಕೊರಿಯರ್‌ನ ಹೆಂಗಸೊಬ್ಬಳು ಹಿಂದಿಯಲ್ಲಿ ಫೋನು ಮಾಡಿದಳು. ಇದು ಸ್ವಂತಕ್ಕೋ, ವ್ಯಾಪಾರಕ್ಕೋ? ಹಳೆಯದೆನ್ನುತ್ತೀರಿ, ಹಣ ಕೊಟ್ಟದ್ದಕ್ಕೆ ಪುರಾವೆ ಎಲ್ಲಿ? ಗುರುತಿನ ಚೀಟಿ ಕಳಿಸಿ. ಸುಂಕ ಕಟ್ಟುವವರೆಗೆ ಗೋದಾಮಿನ ಬಾಡಿಗೆ ಬೇರೆ. ಬೇಡವೆಂದರೆ ವಾಪಸು ಕಳಿಸುವ ಖರ್ಚೂ ನಿಮ್ಮದೇ. ನಾನು ಒಡಕು ಹಿಂದಿಯಲ್ಲಿ "ಇದು ನಾವು ದೇವರ ಮುಂದೆ ಊದುವ ವಾದ್ಯ" ಎಂದೆ. ಆಕೆ "ಮೇಡಂ, ಅದಕ್ಕೆ ಬೇರೆ ರಿಯಾಯಿತಿ ಇಲ್ಲ" ಎಂದಳು.

ಸುಂಕ, ಅದರ ಮೇಲಿನ ತೆರಿಗೆ, ಕೊರಿಯರ್‌ನವರ ಸೇವಾ ಶುಲ್ಕ ಎಲ್ಲ ಸೇರಿ ನಾನು ಊಹಿಸಿದ್ದನ್ನು ಎಲ್ಲೋ ದಾಟಿತ್ತು. ನಾಗರ ಪಂಚಮಿಗೆ ಊರಿಗೆ ಹೋಗಲು ರಜೆ ಕೇಳಿಟ್ಟಿದ್ದೆ. ಅದೇ ವಾರ ಫೌಂಡ್ರಿಯಲ್ಲಿ ತುರ್ತು ಆರ್ಡರು ಬಂದು, ರಜೆ ಬಿಟ್ಟು ಕೆಲಸ ಮಾಡುವವರಿಗೆ ಹೆಚ್ಚಿನ ಸಂಬಳ ಎಂದು ಸೂಚನೆ ಹಚ್ಚಿದರು. ಅಪ್ಪನಿಗೆ ಫೋನು ಮಾಡಿ ಈ ಸಲ ಬರಲಾಗುವುದಿಲ್ಲ ಎಂದೆ. ವಾದ್ಯದ ವಿಷಯ ಹೇಳಲಿಲ್ಲ. ಅದು ಕೈಗೆ ಬಂದ ಮೇಲೆ ಊದಿಯೇ ಕೇಳಿಸುವ ಆಸೆ.

ಪಂಚಮಿಯ ದಿನ ಕೆಲಸದಿಂದ ಬರುವಾಗ ಅನಗೋಳದ ಓಣಿಯಲ್ಲಿ ತವರಿಗೆ ಬಂದ ಹೆಣ್ಣುಮಕ್ಕಳದೇ ಗದ್ದಲ. ಮರಕ್ಕೆ ಜೋಕಾಲಿ ಕಟ್ಟಿದ್ದರು. ನಮ್ಮಲ್ಲಿ ಆ ಹೊತ್ತಿಗೆ ನಾಗಬನದಲ್ಲಿ ಹಾಲೆರೆದು, ಸೀಯಾಳ ಒಪ್ಪಿಸಿ ಆಗಿರುತ್ತದೆ. ಅಮ್ಮ ಅರಿಶಿನ ಎಲೆಯಲ್ಲಿ ಬೇಯಿಸಿದ ಕಡುಬಿನ ಪರಿಮಳ ಮನೆಯಿಡೀ ತುಂಬಿರುತ್ತದೆ. ನಾನು ಬಾಗಿಲ ಬೀಗ ತೆಗೆಯುತ್ತಿದ್ದಾಗ ನೀಲಕ್ಕ ಒಂದು ತಟ್ಟೆ ಹಿಡಿದು ಬಂದರು. ಎಳ್ಳು, ಶೇಂಗಾ, ರವೆ, ಒಂದೊಂದು ಥರದ ಉಂಡಿ. ಉಂಡಿ ಎಂದರೆ ಉಂಡೆಯೇ.

"ಪಂಚಮಿಗೆ ಹೆಣ್ಣಮಕ್ಕಳು ತವರಮನ್ಯಾಗ ಇರಬೇಕವಾ," ಎಂದರು. "ಆ ಪೀಪಿ ಸಲವಾಗಿ ಇಲ್ಲೇ ಕುಂತಿ ಅಲ್ಲ. ತಗೋ, ತಿನ್ನು."

ಅಲ್ಲಿಯವರೆಗೆ ಅವರು ನನ್ನನ್ನು "ನೀವು" ಎನ್ನುತ್ತಿದ್ದರು. ಅಂದಿನಿಂದ "ನೀನು" ಆದೆ.

ಪೆಟ್ಟಿಗೆ ಬಂತು. ತೆರೆದಾಗ ಹಳೆಯ ಮಖಮಲ್ಲಿನ ವಾಸನೆ ಬಂತು. ಅಪ್ಪನ ಪೆಟ್ಟಿಗೆಯದ್ದೇ ವಾಸನೆ. ಭಾಗಗಳನ್ನು ಜೋಡಿಸಿ, ಕೊರಳಿಗೆ ಹಾಕಿಕೊಂಡು ಒಂದು ಷಡ್ಜ ಹಿಡಿದೆ, ಅಷ್ಟೇ. ಪಕ್ಕದ ಮನೆಯ ಕೂಸು ಕಿರುಚಿತು, ನಾಯಿಗಳು ಬೊಗಳಿದವು, ಎದುರು ಮನೆಯ ಮುದುಕ ಹೊರಗೆ ಬಂದು ಮದುವೆ ಎಲ್ಲಿ ಎಂದು ಹುಡುಕಿದ. ಊರಿನಲ್ಲಿ ನಮ್ಮ ಮನೆಯ ಸುತ್ತ ತೋಟ, ಗದ್ದೆ. ಎಷ್ಟು ಊದಿದರೂ ಗಾಳಿಗೆ ಹೋಗುತ್ತದೆ. ಇಲ್ಲಿ ಗೋಡೆಗೆ ಗೋಡೆ.

"ಇಲ್ಲೆ ಊದಿದ್ರ ಓಣಿಗೆ ಓಣೀನ ಎದ್ದು ಕುಂದರತೈತಿ," ಎಂದು ನೀಲಕ್ಕ ಬೇಸರದಿಂದಲೇ ಹೇಳಿದರು. ಇಷ್ಟು ದೂರ ತರಿಸಿ, ಇಷ್ಟೆಲ್ಲ ಕಟ್ಟಿ, ಊದಲು ಜಾಗವಿಲ್ಲ. ಒಂದು ವಾರ ಅದು ಮಂಚದ ಕೆಳಗೇ ಇತ್ತು.

ವಿಷಯ ತಿಳಿದ ಯಲ್ಲಪ್ಪ ಸರಳವಾಗಿ ಹೇಳಿದ: "ನಮ್ಮ ಹೊಲಕ್ಕ ಬರ್ರಿ. ಕೇಳವರು ಕುರಿ ಅಷ್ಟ ಅದಾವ." ಹಾಗೆ ಆ ಭಾನುವಾರ ವಾದ್ಯ ಹೊತ್ತು ಹೊರಟೆ. ಖಾನಾಪುರದಲ್ಲಿ ಬಸ್ ಬದಲಿಸಬೇಕು. ಆ ನಿಲ್ದಾಣದಲ್ಲಿ ಒಂದು ಮಾತು ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುವುದನ್ನು ಕೇಳುತ್ತ ಕೂತಿದ್ದೆ. ನಮ್ಮಲ್ಲಿ ತುಳು, ಕನ್ನಡ, ಕೊಂಕಣಿ ಬೆರೆಯುವ ಹಾಗೆಯೇ. ಪಕ್ಕದ ಅಜ್ಜಿ ನನ್ನ ಪೆಟ್ಟಿಗೆ ತೋರಿಸಿ "ಹೇ ಕಾಯ ಆಹೆ?" ಎಂದಳು. ಇದೇನು ಎಂದು. ನಾನು "ವಾಜಂತ್ರಿ ಆಹೆ ಆಜೀ" ಎಂದೆ. ವಾಜಂತ್ರಿ ಎಂದರೆ ಮಂಗಳವಾದ್ಯ, ಇಲ್ಲಿಯ ಕನ್ನಡದಲ್ಲೂ ಅದೇ ಮಾತು. ಅಜ್ಜಿಗೆ ಅರ್ಥವಾಯಿತು. ತಲೆಯಾಡಿಸಿ, ಪೆಟ್ಟಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಪೀಪಿ ಎನ್ನದೆ ಅದಕ್ಕೊಂದು ಮರ್ಯಾದೆಯ ಹೆಸರು ಇಲ್ಲಿಯೂ ಇತ್ತು. ನನಗೆ ಮಾತ್ರ ಆವರೆಗೆ ಬಳಸಲು ಹೊಳೆದಿರಲಿಲ್ಲ.

ಪಾರಿಶ್ವಾಡದ ಹೊಲದಲ್ಲಿ ಯಲ್ಲಪ್ಪನ ತಾಯಿ ನಿಂಗವ್ವ ಕುರಿ ಮೇಯಿಸುತ್ತಿದ್ದರು. ಕಬ್ಬಿನ ಬದುವಿನ ಮೇಲೆ ನಿಂತು ಅಪ್ಪ ಕಲಿಸಿದ ಮೊದಲ ರಾಗ ಊದಿದೆ. ಹಳೆಯ ವಾದ್ಯ, ಎರಡು ವರ್ಷ ಬಳಕೆ ತಪ್ಪಿದ ತುಟಿ. ಸ್ವರ ಒಡೆಯಿತು, ಮತ್ತೆ ಕೂಡಿತು. ಸ್ವಲ್ಪ ಹೊತ್ತಿಗೆ ಸರಿಯಾಗಿ ಹರಿಯತೊಡಗಿತು. ಕುರಿಗಳು ಮೇಯುವುದು ಬಿಟ್ಟು ತಲೆಯೆತ್ತಿ ನಿಂತವು. ನಿಂಗವ್ವ ಹತ್ತಿರ ಬಂದು, ನಾನು ಮುಗಿಸುವವರೆಗೆ ಕಾದು ಕೇಳಿದರು: "ಯಾರ್ನ ಕರಿಯಾಕತ್ತೀಯವಾ?"

"ಸುಮ್ಮನೆ ಊದಿದೆ ಅಮ್ಮಾ," ಎಂದೆ.

"ಇಲ್ಲವಾ. ಕುರಿ ತಪ್ಪಿಸಿಕೊಂಡಾಗ ನಾವೂ ಹಿಂಗ ಕೂಗತೀವಿ. ಕರಿಯೋ ದನಿ ನನಗ ಗೊತ್ತಾಗತೈತಿ."

ಆಮೇಲೆ ಸಾಧ್ಯವಾದ ಭಾನುವಾರಗಳಲ್ಲೆಲ್ಲ ಅಲ್ಲಿಗೆ ಹೋದೆ. ತುಟಿ ಗಟ್ಟಿಯಾಯಿತು. ಒಂದು ಸಲ ನೀಲಕ್ಕನೂ ಜೊತೆಗೆ ಬಂದರು. ಮರದ ಕೆಳಗೆ ಕೂತು ಕೇಳಿದರು. ಮರುದಿನ ಬೆಳಿಗ್ಗೆ ಬಾಗಿಲು ತಟ್ಟಿದರು. ಸೋಮವಾರದ ಸಂಜೆಗಳಲ್ಲಿ ಅವರ ಮನೆಯಲ್ಲಿ ಓಣಿಯ ಹೆಂಗಸರು ಸೇರಿ ವಚನ ಹಾಡುತ್ತಾರೆ. "ಸಣ್ಣಗ ಊದಾಕ ಬರತೈತೇನ? ನಮ್ಮ ದನಿ ಮುಚ್ಚಬಾರದು. ಬರೋದಾದ್ರ ಬಾ."

ಸಣ್ಣಗೆ ಊದುವುದೇ ಕಷ್ಟದ ಕೆಲಸ. ಅಪ್ಪ ನನಗೆ ಕಲಿಸಿದ್ದು ಅಂಗಳ ದಾಟಿ ಕೇಳುವಂತೆ ಊದಲು. ಇಲ್ಲಿ ಹತ್ತು ಹೆಂಗಸರ ಕೊರಳ ಹಿಂದೆ, ಅವರ ಪೇಟಿಯ, ಎಂದರೆ ಹಾರ್ಮೋನಿಯಮ್ಮಿನ ಶ್ರುತಿಗೆ ಹೊಂದಿ, ಉಸಿರು ಬಿಗಿಹಿಡಿದು ನಡೆಯಬೇಕು. ಮೊದಲ ಸೋಮವಾರಗಳಲ್ಲಿ ನೀಲಕ್ಕ ಕಣ್ಣಲ್ಲೇ ಗದರುತ್ತಿದ್ದರು. ಬರಬರುತ್ತ ಕಡಿಮೆಯಾಯಿತು. ಪಕ್ಕದ ಮನೆಯ ಕೂಸು ತಾಯಿಯ ತೊಡೆಯ ಮೇಲೆ ಅಲ್ಲೇ ನಿದ್ದೆ ಹೋಗಲು ಕಲಿಯಿತು.

ದೀಪಾವಳಿಗೆ ಊರಿಗೆ ಹೋದೆ, ವಾದ್ಯ ಹೊತ್ತುಕೊಂಡೇ. ಅಪ್ಪ ಪೆಟ್ಟಿಗೆ ತೆರೆದು, ಅದನ್ನು ತರಿಸಿದ ಕಥೆಯನ್ನೆಲ್ಲ ನನ್ನಿಂದ ಕೇಳಿ ತಿಳಿದರು. ಜಗಲಿಯಲ್ಲಿ ಕೂತು ಊದಿದರು. ನಾನು ಅಂಗಳದ ತುದಿಗೆ ಹೋಗಿ ನಿಂತು ಕೇಳಿದೆ. ಎರಡು ವರ್ಷ ಅನಗೋಳದಲ್ಲಿ ನಾನು ಹಂಬಲಿಸಿದ್ದ ಸ್ವರವೇ ಅದು, ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲ. ಕೇಳುತ್ತ ನಿಂತವಳಿಗೆ ಸಂತೋಷವಾಗಬೇಕಿತ್ತು. ಕಿವಿ ಮಾತ್ರ ಅದರ ಜೊತೆ ಸೋಮವಾರದ ಹೆಂಗಸರ ದನಿಯನ್ನು ಹುಡುಕುತ್ತಿತ್ತು.

ಊಟದ ಹೊತ್ತಿಗೆ ಅಪ್ಪ ಮಾತು ತೆಗೆದರು. ತಮ್ಮನ ಕೈಯಲ್ಲಿರುವ ಹಳೆಯದು ಗಾಳಿ ಸೋರುತ್ತಿದೆ, ಅದರ ತೂತು ಮುಚ್ಚುವ ತೊಗಲಿನ ಪ್ಯಾಡುಗಳೆಲ್ಲ ಹೋಗಿವೆ. ಮದುವೆ, ಉತ್ಸವಗಳ ಕಾಲ ಶುರುವಾಯಿತು. "ನಿನಗೆ ಅಲ್ಲಿ ಕೆಲಸ ಉಂಟಲ್ಲ ಮಗಾ. ಬೇಸಗೆ ಮುಗಿಯುವವರೆಗೆ ಇದು ಇಲ್ಲಿರಲಿ. ಮತ್ತೆ ಕೊಂಡುಹೋಗು."

ಅಪ್ಪ ಕೇಳಿದರೆ ಇಲ್ಲವೆನ್ನುವ ಮಗಳು ನಾನಲ್ಲ. ನನಗೆ ಊದಲು ಬರುವುದೇ ಅವರಿಂದ. ಆದರೂ ಬಾಯಿಗೆ ಬಂದದ್ದು ಬೇರೆ: "ಆಗುವುದಿಲ್ಲ ಅಪ್ಪಾ. ಸೋಮವಾರ ನಮ್ಮವರು ಕಾಯ್ತಾರೆ."

"ನಮ್ಮವರು ಅಂದ್ರೆ ಯಾರು ಮಾರಾಯ್ತಿ?" ಎಂದು ತಮ್ಮ ನಕ್ಕ. ಅಪ್ಪ ನಗಲಿಲ್ಲ. ಅಮ್ಮ ಸಾರು ಬಡಿಸುತ್ತಿದ್ದ ಕೈ ನಿಲ್ಲಿಸಿದರು. ಅವರೆಲ್ಲ ನನ್ನವರಾಗಿ ಎದುರಿಗೆ ಕೂತಿರುವಾಗ ನಾನು ಯಾರನ್ನು ನಮ್ಮವರು ಎಂದೆ!

"ಜಪಾನಿನವನಿಂದಲೇ ಪ್ಯಾಡು ತರಿಸಿಕೊಡುತ್ತೇನೆ," ಎಂದೆ.

"ಬೇಡ, ಮತ್ತೆ ಆ ಸುಂಕ, ಆ ಫೋನು. ಮಂಗಳೂರಿನಲ್ಲಿ ರಿಪೇರಿಯವನಿದ್ದಾನೆ, ಕೊಟ್ಟುನೋಡುವ," ಎಂದು ಅಪ್ಪ ಎದ್ದು ಕೈ ತೊಳೆದರು. ಹಾಗೇ ಆಯಿತು. ರಿಪೇರಿಗೆ ತಡವಾಗಿ, ತಮ್ಮ ಕೆಲವು ಕಾರ್ಯಕ್ರಮಗಳಿಗೆ ಇನ್ನೊಂದು ತಂಡದಿಂದ ವಾದ್ಯ ಎರವಲು ತಂದು ಊದಿದ. ಈಗ ಹಳೆಯದು ಸರಿಯಾಗಿದೆ.

ಆ ದೀಪಾವಳಿಯ ರಜೆ ಮುಗಿಸಿ ನಾನು ಹೊರಡುವಾಗ ಅಪ್ಪನೇ ಪೆಟ್ಟಿಗೆಯನ್ನು ಬಸ್ಸಿನವರೆಗೆ ಹೊತ್ತು ತಂದರು. ಸೀಟಿನ ಪಕ್ಕ ಇಟ್ಟು, "ಇದನ್ನು ಮೇಲೆ ಇಡಬೇಡ, ಬಿದ್ದೀತು" ಎಂದರು. ಬಸ್ಸು ಹೊರಟ ಮೇಲೆ ಇಳಿದುಬಿಡಲೇ, ವಾದ್ಯವನ್ನಾದರೂ ಕೊಟ್ಟುಬಿಡಲೇ ಎಂದು ಘಾಟಿ ಹತ್ತುವವರೆಗೂ ಯೋಚಿಸುತ್ತಿದ್ದೆ.

ಬೆಳಗಾವಿಯಲ್ಲಿ ಇಳಿದಾಗ ಬೆಳಗಾಗಿತ್ತು. ಅನಗೋಳದ ಓಣಿಯಲ್ಲಿ ಯಾರದೋ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಬೀಗ ತೆಗೆಯುವಷ್ಟರಲ್ಲಿ ಅಪ್ಪನ ಫೋನು. ನನ್ನ ಈ ಕೋಣೆಯನ್ನು ಅವರು ಯಾವಾಗಲೂ "ರೂಮು" ಎನ್ನುತ್ತಾರೆ. ರೂಮಿಗೆ ಹೋದೆಯಾ, ರೂಮಿನಲ್ಲಿ ನೀರು ಬರುತ್ತದಾ, ಹೀಗೆ.

"ಮನೆ ಮುಟ್ಟಿದ್ಯಾ ಮಗಾ?" ಎಂದರು.

"ಹೂಂ ಅಪ್ಪಾ, ಮುಟ್ಟಿದೆ," ಎಂದೆ. ಅವರು ಫೋನು ಇಟ್ಟರು. ಈ ಕೋಣೆಗೆ "ಮನೆ" ಎಂಬ ಆ ಒಂದು ಮಾತು ಅವರ ಬಾಯಿಂದ ಬರಲಿ ಎಂದು ಎಷ್ಟೋ ಸಲ ಬಯಸಿದ್ದೆ. ಬಂದಾಗ, ಹಾಗಾದರೆ ಅಲ್ಲಿಯದು ನನ್ನ ಮನೆಯಲ್ಲವೇ, ಅದನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಕೂಗಬೇಕೆನಿಸಿತು.