ಮಂಜುಗಡ್ಡೆಗೊಂದು ಬೈರಿಗೆ

ಹೆಪ್ಪುಗಟ್ಟಿದ ಕೆರೆಯ ಮೇಲೆ ಕೂತು ಮೀನು ಹಿಡಿಯುವುದು ಹೇಗೆ, ಹೊಸಬರು ಮೊದಲು ಯಾವ ಸಾಮಾನು ಕೊಳ್ಳಬೇಕು, ಯಾವುದನ್ನು ಕೊಂಡು ಮೋಸಹೋಗಬಾರದು ಎಂಬ ವಿಷಯದಲ್ಲಿ ಇಡೀ ಶಿವಮೊಗ್ಗ ಜಿಲ್ಲೆಯಲ್ಲಿ ನನಗಿಂತ ಹೆಚ್ಚು ತಿಳಿದವನು ಒಬ್ಬನೇ ಇದ್ದ. ಅವನು ಭದ್ರಾವತಿಯಲ್ಲಿದ್ದ ನನ್ನ ಗೆಳೆಯ ಗಂಗಾಧರಪ್ಪ. ನಾವಿಬ್ಬರೂ ಹೆಪ್ಪುಗಟ್ಟಿದ ಕೆರೆಯನ್ನು ಕಂಡವರಲ್ಲ. ನಾನು ಕಂಡ ಅತಿ ದೊಡ್ಡ ಮಂಜುಗಡ್ಡೆಯೆಂದರೆ ಕಬ್ಬಿನ ಹಾಲಿನ ಗಾಡಿಯಲ್ಲಿ ಗೋಣಿಚೀಲ ಹೊದ್ದು ಮಲಗಿರುತ್ತಿದ್ದದ್ದು. ಇಬ್ಬರೂ ಮೀನು ತಿನ್ನುವವರೂ ಅಲ್ಲ. ಮೊಟ್ಟೆ ಇದ್ದೀತೆಂಬ ಅನುಮಾನದ ಮೇಲೆಯೇ ಕೇಕು ಬಿಟ್ಟ ಮನೆತನಗಳು ನಮ್ಮವು. ಇಷ್ಟೆಲ್ಲ ಅರ್ಹತೆ ಇದ್ದ ಮೇಲೆ ಪಾಂಡಿತ್ಯ ಬರುವುದಕ್ಕೆ ಎಷ್ಟು ಹೊತ್ತು? ಒಂದು ಬೀಡಾ ಅಂಗಡಿಯನ್ನೂ ನಡೆಸಿ ನೋಡದೆ ಶಿವಮೊಗ್ಗದ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷ ವಾಣಿಜ್ಯಶಾಸ್ತ್ರ ಬೋಧಿಸಿದ ನನಗಂತೂ ಈ ಬಗೆಯ ಪಾಂಡಿತ್ಯ ಹೊಸದಾಗಿರಲಿಲ್ಲ.

ಗಂಗಾಧರಪ್ಪ ಡ್ರಾಫ್ಟ್ಸ್‌ಮನ್. ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಕ್ಷೆ ಬರೆಯುವುದು ಅವನ ಕೆಲಸ. ಕೆಲಸವಾಗಿತ್ತು ಎನ್ನಬೇಕು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಆ ಕಾರ್ಖಾನೆಗೆ ಹೊಸ ಕೆಲಸ ಬರುವುದು ನಿಂತು ಎರಡು ವರ್ಷವಾಗಿತ್ತು. ಕೆಲಸ ಬರುವುದು ನಿಂತಿತ್ತೇ ಹೊರತು ಸೈರನ್ ನಿಂತಿರಲಿಲ್ಲ. ಬೆಳಗ್ಗೆ ಎಂಟಕ್ಕೆ ಅದು ಕೂಗಿದ ಕೂಡಲೇ ಗಂಗಾಧರಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸೈಕಲ್ಲೇರುತ್ತಿದ್ದ. ಹೋಗಿ ಖಾಲಿ ಬೋರ್ಡಿನ ಮುಂದೆ ಕೂತು, ನಾಲ್ಕೈದು ಪೆನ್ಸಿಲುಗಳನ್ನು ಚೂಪು ಮಾಡಿಟ್ಟು, ಸಂಜೆ ಅವನ್ನು ಹಾಗೆಯೇ ಡಬ್ಬಿಗೆ ತುಂಬಿ ಮನೆಗೆ ಬರುತ್ತಿದ್ದ. ಸ್ವಯಂ ನಿವೃತ್ತಿಯ ಅರ್ಜಿ ನಮೂನೆಯನ್ನು ಆಡಳಿತದವರು ಎಲ್ಲರ ಮೇಜಿನ ಮೇಲೂ ಒಂದೊಂದು ಇಟ್ಟಿದ್ದರು. ಅದಕ್ಕೆ 'ಸ್ವಯಂ' ಎಂಬ ಹೆಸರನ್ನು ಯಾರಿಟ್ಟರೋ, ಅವರ ಹಾಸ್ಯಪ್ರಜ್ಞೆಯ ಮುಂದೆ ನಮ್ಮಂಥ ಪ್ರಬಂಧಕಾರರದ್ದು ಏನೂ ಅಲ್ಲ.

ಇಂಥ ದಿನಗಳಲ್ಲಿ ಅವನು ಹಳೆಯ ಪೇಪರು ಮಾರಲು ರದ್ದಿ ಅಂಗಡಿಗೆ ಹೋದ. ಪೇಪರು ಕೊಟ್ಟು, ಬದಲಿಗೆ ಒಂದು ವಿದೇಶಿ ಪತ್ರಿಕೆ ಹಿಡಿದು ಬಂದ. ಅದರ ರಟ್ಟಿನ ಮೇಲೆ, ಕಂಬಳಿಯ ಮೂಟೆಯಂತೆ ಬಟ್ಟೆ ಹಾಕಿಕೊಂಡ ಒಬ್ಬ ಮನುಷ್ಯ ಬಿಳಿಯ ಬಯಲಿನ ನಡುವೆ ಬಕೆಟ್ಟಿನ ಮೇಲೆ ಕೂತು ಒಂದು ತೂತನ್ನೇ ನೋಡುತ್ತಿದ್ದ. ಒಳಗೆ ಐದು ಪುಟದ ಲೇಖನ: ಮಂಜುಗಡ್ಡೆಯ ಮೇಲೆ ಮೀನು ಹಿಡಿಯುವುದನ್ನು ಹೊಸದಾಗಿ ಕಲಿಯುವವರಿಗೆ ಹಿತವಚನ. ಮುಂದಿನ ಭಾನುವಾರ ನಾನು ಬಸ್ಸು ಹಿಡಿದು ಅವನ ಮನೆಗೆ ಹೋದಾಗ, ಅವನು ಅದನ್ನು ಪಾರಾಯಣದ ಪುಸ್ತಕದಂತೆ ತೊಡೆಯ ಮೇಲೆ ಹರವಿಕೊಂಡು ಕೂತಿದ್ದ.

"ಒಬ್ಬೊಬ್ರೇ ಹೋಗ್ಬಾರ್ದಂತೆ ಮಾರಾಯ," ಎಂದ. "ಮಂಜುಗಡ್ಡೆ ಯಾವಾಗ ಒಡೆಯತ್ತೆ ಅಂತ ಹೇಳೋಕಾಗಲ್ಲ. ನೀನು ಜೊತೇಲಿರ್ತೀಯ ತಾನೆ?"

ಭದ್ರಾವತಿಯಲ್ಲಿ ಆ ಹೊತ್ತು ಸೆಕೆ ಎಷ್ಟಿತ್ತೆಂದರೆ ಫ್ಯಾನಿನ ಗಾಳಿಯೂ ಬೆವೆತಿತ್ತು. ಸ್ನೇಹಕ್ಕಾಗಿ ಹೆಪ್ಪುಗಟ್ಟಿದ ಕೆರೆಯಲ್ಲಿ ಮುಳುಗಲು ಸಿದ್ಧನಿದ್ದೇನೆಂದು ನಾನು ಧೈರ್ಯವಾಗಿ ಮಾತು ಕೊಟ್ಟೆ. ಇಂಥ ತ್ಯಾಗವನ್ನು ಇಷ್ಟು ಸುರಕ್ಷಿತವಾಗಿ ಮಾಡುವ ಅವಕಾಶ ಮನುಷ್ಯನಿಗೆ ದಿನಾ ಸಿಗುವುದಿಲ್ಲ.

ಲೇಖನ ಬರೆದ ಪುಣ್ಯಾತ್ಮ ಬಹಳ ಸಂಯಮಿ. ಹೊಸಬರು ಅಂಗಡಿಗೆ ನುಗ್ಗಿ ಕಂಡದ್ದನ್ನೆಲ್ಲ ಕೊಳ್ಳಬಾರದು, ಬೇಕಾದದ್ದು ಕೆಲವೇ ಸಾಮಾನು ಎಂದು ಶುರುಮಾಡುತ್ತಾನೆ. ಮೊಳದುದ್ದದ ಒಂದು ಗಾಳದ ಕೋಲು ಸಾಕು, ಏಕೆಂದರೆ ತೂತು ಕಾಲ ಬುಡದಲ್ಲೇ ಇರುತ್ತದೆ. ಕೂರಲು ಒಂದು ಬಕೆಟ್ಟು. ಅದೇ ಬಕೆಟ್ಟು ಮೀನು ತರಲೂ ಆಗುತ್ತದೆ. ತೂತಿನಲ್ಲಿ ತೇಲುವ ಐಸಿನ ಚೂರುಗಳನ್ನು ಎತ್ತಿಹಾಕಲು ತೂತುಗಳಿರುವ ಒಂದು ಸೌಟು. ನೀರಿಗೆ ಬಿದ್ದುಬಿಟ್ಟರೆ ಮಂಜುಗಡ್ಡೆಗೆ ಚುಚ್ಚಿ ಮೇಲೇರಿ ಬರಲು ಕೊರಳಿಗೆ ದಾರ ಕಟ್ಟಿ ನೇತುಹಾಕಿಕೊಳ್ಳುವ ಎರಡು ಚೂಪು ಮೊಳೆ. ಬೆಚ್ಚಗಿನ ಬಟ್ಟೆ. ಎಲ್ಲಕ್ಕಿಂತ ಮುಖ್ಯವಾಗಿ, ಮಂಜುಗಡ್ಡೆಯನ್ನು ಕೊರೆಯುವ ಬೈರಿಗೆ. ನಮ್ಮ ಬಡಗಿಯ ಬೈರಿಗೆಯ ದೊಡ್ಡಪ್ಪ ಅದು. ತಿರುಗಿಸಿದರೆ ತೆಂಗಿನಕಾಯಿ ಹೋಗುವಷ್ಟು ಅಗಲದ ತೂತು ಬೀಳಬೇಕು. ಮಂಜುಗಡ್ಡೆ ನಾಲ್ಕು ಇಂಚಾದರೂ ದಪ್ಪ ಇಲ್ಲದಿದ್ದರೆ ಅದರ ಮೇಲೆ ಕಾಲಿಡಬಾರದು ಎಂಬುದು ಕೊನೆಯ ಎಚ್ಚರಿಕೆ. ಭದ್ರಾ ನದಿಯ ಮಟ್ಟಿಗೆ ಈ ನಿಯಮವನ್ನು ನಾವು ಒಮ್ಮೆಯೂ ಮುರಿದಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳಬಲ್ಲೆ.

ಸಾಮಾನಿನ ಆಯ್ಕೆ ಎರಡು ಭಾನುವಾರ ನಡೆಯಿತು. ನಾನು ಶಿವಮೊಗ್ಗದ ಗಾಂಧಿಬಜಾರಿನಲ್ಲಿ ಒಂದು ಮಂಕಿಕ್ಯಾಪು ಕೊಂಡೆ. ಅಂಗಡಿಯವನು "ಯಾತ್ರೆಗಾ ಸಾರ್? ಬದರಿನಾ, ಕೇದಾರನಾ?" ಎಂದು ಭಕ್ತಿಯಿಂದ ಕೇಳಿದ. ಮೀನು ಹಿಡಿಯಲು ಎನ್ನುವ ಎದೆಗಾರಿಕೆ ನನಗಿರಲಿಲ್ಲ, ಬದರಿ ಎಂದೆ. ಬಕೆಟ್ಟಿನ ಮೇಲೆ ಕೂತು ಅಭ್ಯಾಸ ಮಾಡಲು ಹೋದ ಗಂಗಾಧರಪ್ಪ, ಪ್ಲಾಸ್ಟಿಕ್ ಬಕೆಟ್ಟು ಎಷ್ಟು ಭಾರ ತಡೆಯುತ್ತದೆ ಎಂಬುದನ್ನು ಅದರೊಳಗೆ ಸಿಕ್ಕಿಕೊಂಡು ಕಲಿತ. ಅವನ ಹೆಂಡತಿ ಗಿರಿಜಕ್ಕ ಬೋಂಡಾ ಎತ್ತುವ ತೂತಿನ ಸೌಟನ್ನು ತಾವೇ ತಂದುಕೊಟ್ಟರು. ಮೀನಿನ ಕೆಲಸಕ್ಕೆ ಹೋದ ಸೌಟು ಅಡುಗೆಮನೆಗೆ ವಾಪಸ್ಸು ಬರುವಂತಿಲ್ಲ ಎಂಬುದು ಅವರ ಮುಖದಲ್ಲೇ ಬರೆದಿತ್ತು. ಆದರೂ ಕೊಟ್ಟರು. ಅದೇಕೆ ಎಂದು ನಾನಾಗ ಯೋಚಿಸಲಿಲ್ಲ. ವ್ಯಂಗ್ಯವಾಡುವವನಿಗೆ ಯೋಚಿಸಲು ಸಮಯ ಎಲ್ಲಿರುತ್ತದೆ?

ಗಾಳಕ್ಕೂ ನಮ್ಮಂಥವರಿಗೂ ಸಂಬಂಧವೇ ಇಲ್ಲವೆಂದಲ್ಲ. ನಿಘಂಟು ತೆಗೆದರೆ ಗಾಳಕ್ಕೆ ಸಂಸ್ಕೃತದಲ್ಲಿ 'ಬಡಿಶ' ಎಂಬ ಗಂಭೀರವಾದ ಶಬ್ದವೇ ಇದೆ. ಪುರಾಣ ಹೇಳುವವರು ನಾಲಗೆಯ ಚಪಲಕ್ಕೆ ಮೀನು ಹೇಗೆ ಗಾಳ ಕಚ್ಚಿ ಕೆಡುತ್ತದೆ ಎಂದು ವಿವರಿಸಿದ ಮೇಲೆ, ಸಭೆಯವರು ಕಣ್ಣೊರೆಸಿಕೊಂಡು ಎದ್ದು ಹೋಳಿಗೆ ಊಟಕ್ಕೆ ಓಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆ ಓಟದಲ್ಲಿ ನಾನು ಹಿಂದೆ ಬಿದ್ದದ್ದೂ ಇಲ್ಲ. ಮೀನಿನ ಕಷ್ಟದಿಂದ ಬರುವ ವೈರಾಗ್ಯವನ್ನು ನಾವು ತಲೆಮಾರುಗಳಿಂದ ಅನುಭವಿಸಿದ್ದೇವೆ; ಮೀನನ್ನು ಬಿಟ್ಟಿದ್ದೇವೆ, ಅಷ್ಟೇ.

ಇಷ್ಟಾಗಿ ಉಳಿದದ್ದು ಬೈರಿಗೆ. ಅದು ನಮ್ಮಲ್ಲಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಎಂದು ಗೊತ್ತಾದ ದಿನ ಗಂಗಾಧರಪ್ಪನ ಮುಖ ಬೆಳಗಿತು. ಸಿಗದಿದ್ದರೆ ಮಾಡಬೇಕು, ಮಾಡಬೇಕಾದರೆ ನಕ್ಷೆ ಬೇಕು. ಅವನು ಮನೆಯ ಊಟದ ಮೇಜಿನ ಮೇಲೆ ಹಾಳೆ ಹಾಸಿದ. ಪತ್ರಿಕೆಯಲ್ಲಿದ್ದದ್ದು ಹೆಬ್ಬೆರಳಿನಷ್ಟು ದೊಡ್ಡ ಚಿತ್ರ. ಅದರಿಂದ ಅವನು ಮೇಲಿನ ನೋಟ, ಪಕ್ಕದ ನೋಟ, ಸೀಳುನೋಟ ಎಲ್ಲ ಬರೆದ. ಸುರುಳಿ ಎಷ್ಟು ಸುತ್ತು, ಅಲಗು ಎಷ್ಟು ಓರೆ, ಹಿಡಿಕೆ ಎಷ್ಟು ಉದ್ದ ಎಂದು ಮೂರು ವಾರ ತಲೆ ಕೆಡಿಸಿಕೊಂಡ. ಗಿರಿಜಕ್ಕನೂ ಅವನೂ ಆ ಮೂರು ವಾರ ನೆಲದ ಮೇಲೆ ಕೂತು ಉಂಡರು.

ನಾನು ಸುಮ್ಮನಿರಲಾರದೆ ಒಂದು ದಿನ ಕೇಳಿಯೇಬಿಟ್ಟೆ. "ಅಲ್ಲ ಗಂಗಣ್ಣ, ಕೆರೆಗೊಂದು ತೂತು ಕೊರೆಯೋಕೆ ಮೊದಲು ಕೆರೆ ಹೆಪ್ಪುಗಟ್ಟಬೇಕಲ್ಲ. ಅದಕ್ಕೂ ಒಂದು ನಕ್ಷೆ ಬರೀತೀಯಾ?"

ಅವನು ತಲೆ ಎತ್ತಲಿಲ್ಲ. ಸ್ಕೇಲು ಸರಿಸಿ ಒಂದು ಗೆರೆ ಎಳೆದ. "ಹೆಪ್ಪುಗಟ್ಟಲ್ಲ ಅಂತ ನನಗೂ ಗೊತ್ತು ಮಾರಾಯ. ಕಾರ್ಖಾನೇಲಿ ಕೆಲಸ ಬರಲ್ಲ ಅಂತ್ಲೂ ಗೊತ್ತು. ದಿನಾ ಹೋಗಿ ಸುಮ್ನೆ ಕೂತು ಬರ್ತೀನಲ್ಲ, ಅದಕ್ಕೆ ಯಾಕೆ ನೀನು ನಗಲ್ಲ?"

ನಾನು ಮಂಕಿಕ್ಯಾಪಿನ ಉಣ್ಣೆ ಚುಚ್ಚುತ್ತದೆ ಎಂದೇನೋ ಹೇಳಿ ಮಾತು ತಿರುಗಿಸಿದೆ.

ನಕ್ಷೆ ಹಿಡಿದು ನಾವು ಬಿ.ಎಚ್. ರಸ್ತೆಯಲ್ಲಿದ್ದ ಆರ್ಮುಗಂ ಅವರ ಲೇತ್ ಅಂಗಡಿಗೆ ಹೋದೆವು. ಆರ್ಮುಗಂ ಅದೇ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದು, ಮೊದಲೇ ಹೊರಬಂದು ಸ್ವಂತ ಅಂಗಡಿ ಇಟ್ಟವರು. ನಕ್ಷೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ಎದಕ್ಕೆ ಸಾರ್?"

"ಐಸು ಕೊರೆಯೋಕೆ," ಎಂದ ಗಂಗಾಧರಪ್ಪ.

"ಐಸ್ ಕ್ಯಾಂಡಿನಾ?"

"ಇಲ್ಲ. ಕೆರೆ."

ಆರ್ಮುಗಂ ನನ್ನ ಮುಖ ನೋಡಿದರು. ನಾನು ರಸ್ತೆಯ ಮೇಲೆ ಹೋಗುತ್ತಿದ್ದ ಲಾರಿಗಳನ್ನು ಎಣಿಸುವುದರಲ್ಲಿ ಮಗ್ನನಾಗಿದ್ದೆ. ಅವರು ಮತ್ತೆ ನಕ್ಷೆಯತ್ತ ತಿರುಗಿದರು. "ನಿಮ್ಮ ಕೈ ಡ್ರಾಯಿಂಗ್ ನೋಡಿ ಬಹಳ ದಿನ ಆಯ್ತು ಸಾರ್. ಮಾಡಣ," ಎಂದರು.

ಹದಿನೈದು ದಿನದಲ್ಲಿ ಬೈರಿಗೆ ಸಿದ್ಧವಾಯಿತು. ನನ್ನ ಎದೆಯೆತ್ತರದ, ಹೊಳೆಯುವ, ನೋಡಿದರೆ ಗೌರವ ಹುಟ್ಟುವ ವಸ್ತು. ಇನ್ನು ಪರೀಕ್ಷೆ. ಮಂಜುಗಡ್ಡೆ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಹೇಳಿದವರು ಆರ್ಮುಗಂ. ಶಿವಮೊಗ್ಗದಲ್ಲಿ ಮೀನಿನ ಮಾರ್ಕೆಟ್ಟಿಗೆ ಐಸು ಕೊಡುವ ಖಲೀಲ್ ಸಾಹೇಬರ ಐಸ್ ಫ್ಯಾಕ್ಟರಿ. ಹಾಗೆ ಒಂದು ಬೆಳಗ್ಗೆ ಬೈರಿಗೆಯನ್ನು ಹಳೆಯ ಜಮಖಾನದಲ್ಲಿ ಸುತ್ತಿ, ಬೋಂಡಾ ಸೌಟು ಚೀಲಕ್ಕೆ ಹಾಕಿಕೊಂಡು ಗಂಗಾಧರಪ್ಪ, ಆರ್ಮುಗಂ ಇಬ್ಬರೂ ಬಸ್ಸಿನಲ್ಲಿ ಬಂದಿಳಿದರು. ಕಂಡಕ್ಟರು ಅದನ್ನು ಯಾವುದೋ ಉತ್ಸವದ ಸಾಮಾನೆಂದು ತಿಳಿದು ಮುಂದಿನ ಸೀಟಿನ ಪಕ್ಕ ಜಾಗ ಮಾಡಿಕೊಟ್ಟಿದ್ದನಂತೆ. ನಾನು ಕಾಲೇಜಿಗೆ ರಜೆ ಹಾಕಿ ಅವರನ್ನು ಸೇರಿಕೊಂಡೆ. ರಜೆಯ ಅರ್ಜಿಯಲ್ಲಿ ಬರೆದದ್ದು ಜ್ವರ ಎಂದು. ಐಸಿಗೆ ಅದು ತಕ್ಕ ಕಾರಣವೆನಿಸಿತು.

ಖಲೀಲ್ ಸಾಹೇಬರು ನಮ್ಮ ವಿಚಿತ್ರ ಬೇಡಿಕೆಗೆ ನಗಲಿಲ್ಲ. ಮೂರಡಿ ಉದ್ದದ ಒಂದು ಐಸಿನ ದಿಮ್ಮಿಯನ್ನು ನೀರಿನ ತೊಟ್ಟಿಯ ಮೇಲೆ ಅಡ್ಡಲಾಗಿ ಇಡಿಸಿಕೊಟ್ಟರು. ಮೀನಿನ ಬುಟ್ಟಿಗೆ ಐಸು ತುಂಬಲು ಬಂದಿದ್ದ ಹೆಂಗಸರು ಸುತ್ತ ನಿಂತರು. ಗಂಗಾಧರಪ್ಪ ಬೈರಿಗೆ ನಿಲ್ಲಿಸಿ ತಿರುಗಿಸಿದ. ಅಲಗು ಐಸಿನ ಮೇಲೆ ಕಿರ್ರೆಂದು ಜಾರಿತು. ಮತ್ತೆ ಒತ್ತಿದ. ಈ ಸಲ ಬೈರಿಗೆ ನಿಂತಲ್ಲೇ ನಿಂತು ದಿಮ್ಮಿಯೇ ತಿರುಗಿ, ತೊಟ್ಟಿಯಿಂದ ಜಾರಿ, ಒದ್ದೆ ನೆಲದ ಮೇಲೆ ಸುಯ್ಯನೆ ಹೋಗಿ ಬುಟ್ಟಿಗಳ ಸಾಲಿಗೆ ಬಡಿಯಿತು. ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ನಾನೂ ನಗಲು ಬಾಯಿ ತೆರೆದೆ. ಆಮೇಲೆ ಗಂಗಾಧರಪ್ಪನತ್ತ ನೋಡಿದೆ. ಅವನು ಬೈರಿಗೆಯ ಹಿಡಿಕೆ ಬಿಟ್ಟಿರಲಿಲ್ಲ. ತೆರೆದ ಬಾಯಿಯನ್ನು ಆಕಳಿಕೆಗೆ ಬಳಸಿಕೊಂಡೆ.

ಅವನು ನೆಲದ ಮೇಲೆ ಕೂತು ಅಲಗನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ. "ಓರೆ ಕಮ್ಮಿ ಆಗಿದೆ ಆರ್ಮುಗಂ. ತಪ್ಪು ನಂದು. ನಾನು ಮರಕ್ಕೆ ಲೆಕ್ಕ ಹಾಕಿದ್ದೀನಿ."

"ಒಂದು ವಾಷರ್ ಕೊಟ್ಟು ಎತ್ತಣ ಸಾರ್," ಎಂದು ಆರ್ಮುಗಂ ಜೇಬಿನಿಂದ ಸ್ಪ್ಯಾನರ್ ತೆಗೆದರು. ಅರ್ಧ ಗಂಟೆ ಇಬ್ಬರೂ ಬಿಚ್ಚಿದರು, ಕಟ್ಟಿದರು. ದಿಮ್ಮಿಯನ್ನು ಮತ್ತೆ ತೊಟ್ಟಿಯ ಮೇಲೆ ಎತ್ತಿಟ್ಟು, ಅದು ಅಲುಗದಂತೆ ತಬ್ಬಿಕೊಳ್ಳಲು ನನಗೆ ಹೇಳಿದರು. ಇಡೀ ಯೋಜನೆಯಲ್ಲಿ ನನ್ನ ವಿದ್ಯಾರ್ಹತೆಗೆ ಸರಿಹೊಂದಿದ ಕೆಲಸ ಅದೊಂದೇ. ಎದೆ ಮರಗಟ್ಟುವ ಹೊತ್ತಿಗೆ ಬೈರಿಗೆ ಕಚ್ಚಿತು. ಬಿಳಿಯ ಹುಡಿ ಸುರುಳಿ ಸುರುಳಿಯಾಗಿ ಮೇಲೆ ಬಂತು. ನಾನು ಒಂದು ಕೈಯಲ್ಲಿ ಬೋಂಡಾ ಸೌಟಿನಿಂದ ಅದನ್ನು ಎತ್ತೆತ್ತಿ ಹಾಕಿದೆ. ಕೊನೆಗೆ ಗಂಗಾಧರಪ್ಪ ಮುಗ್ಗರಿಸಿದಂತೆ ಮುಂದಕ್ಕೆ ವಾಲಿದ. ಕೆಳಗೆ ತೊಟ್ಟಿಯ ನೀರು ಕಂಡಿತು. ಅವನು ತೂತಿನ ಅಗಲವನ್ನು ಎರಡು ಕಡೆಯಿಂದ ಅಳೆದು, "ಕರೆಕ್ಟಾಗಿದೆ," ಎಂದ.

ಖಲೀಲ್ ಸಾಹೇಬರು ಹತ್ತಿರ ಬಂದು ತೂತಿನೊಳಗೆ ಇಣುಕಿದರು. "ಮೀನು ಸಿಗೋದು ಇದ್ರಲ್ಲಾ ಸಾರ್?"

ನಾನು ಹೌದೆಂದು, ಹಿಮದ ದೇಶಗಳ ಪದ್ಧತಿಯನ್ನು ಸವಿಸ್ತಾರವಾಗಿ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಗೋಡೆಯ ಬದಿಯ ಪೆಟ್ಟಿಗೆಯ ಮುಚ್ಚಳ ತೆಗೆದು, ಐಸಿನ ಪುಡಿಯೊಳಗೆ ಮೊಣಕೈವರೆಗೆ ಕೈಹಾಕಿ ಎರಡು ಬಂಗಡೆ ಎತ್ತಿದರು. "ಮೂವತ್ತು ವರ್ಷದಿಂದ ಐಸಿಂದಾನೇ ಮೀನು ತೆಗೀತಿದ್ದೀನಿ ಸಾರ್. ಇಷ್ಟು ಕಷ್ಟ ಯಾವತ್ತೂ ಆಗಿಲ್ಲ." ಹೆಂಗಸರು ಮತ್ತೆ ನಕ್ಕರು. ಈ ಸಲ ಗಂಗಾಧರಪ್ಪನೂ ನಕ್ಕ. ಎರಡು ವರ್ಷದಲ್ಲಿ ನಾನು ಕೇಳಿರದ ನಗು. ಬಂಗಡೆಗಳು ಆರ್ಮುಗಂ ಚೀಲ ಸೇರಿದವು.

ಆಮೇಲೆ ಸಾಹೇಬರು ಬೈರಿಗೆಯನ್ನು ತಾವೇ ತಿರುಗಿಸಿ ನೋಡಿ ಬೇರೆ ದನಿಯಲ್ಲಿ ಹೇಳಿದರು. "ನಮಗೆ ತೂತು ಬೇಡ ಸಾರ್, ಪುಡಿ ಬೇಕು. ಗೋಣಿಯಲ್ಲಿ ಕಟ್ಟಿ ಕೊಡತಿ ತಗೊಂಡು ಕುಟ್ಟಿ ಕುಟ್ಟಿ ನಮ್ಮ ಜನದ ಭುಜ ಹೋಗಿದೆ. ದಿಮ್ಮಿ ಮೇಲಿಂದ ಹಾಕಿದ್ರೆ ಕೆಳಗೆ ಪುಡಿ ಬೀಳಬೇಕು. ಅಂಥದ್ದು ಒಂದು ಬರೆದು ಕೊಡ್ತೀರಾ?"

ಗಂಗಾಧರಪ್ಪ ಜೇಬು ತಡಕಾಡಿದ. ಅಲ್ಲಿದ್ದದ್ದು ಬಸ್ಸಿನ ಟಿಕೆಟ್ಟು ಮಾತ್ರ. ಅದರ ಹಿಂದೆಯೇ ಬರೆಯಲು ಶುರುಮಾಡಿದ.

ಮುಂದಿನದನ್ನು ದೊಡ್ಡದು ಮಾಡಿ ಹೇಳುವಂಥದ್ದೇನಿಲ್ಲ. ಐಸು ಪುಡಿಮಾಡುವ ಯಂತ್ರದ ಮೊದಲ ಮಾದರಿ ಸಾಹೇಬರ ಗೋಡೆಗೆಲ್ಲ ಐಸು ಎರಚಿತು. ಎರಡನೆಯದು ಹೇಳಿದಂತೆ ಕೇಳಿತು. ಗಂಗಾಧರಪ್ಪ ಒಂದು ಸೋಮವಾರ ಸ್ವಯಂ ನಿವೃತ್ತಿಯ ಅರ್ಜಿಗೆ ಸಹಿ ಹಾಕಿ, ಆರ್ಮುಗಂ ಅಂಗಡಿಯ ಅಟ್ಟದಲ್ಲಿ ತನ್ನದೊಂದು ಬೋರ್ಡು ನಿಲ್ಲಿಸಿಕೊಂಡ. ಜಿಲ್ಲೆಯಲ್ಲಿ ಯಾವ ಕೆಲಸವೂ ಇಷ್ಟು ಸ್ವಯಂ ಆಗಿ ನಡೆದದ್ದನ್ನು ನಾನು ಕಂಡಿಲ್ಲ. ಅವನು ಸಿರಿವಂತನಾದ ಎಂದೇನೂ ಅಲ್ಲ. ಅಂಗಿಯ ಇಸ್ತ್ರಿ ಹೋಯಿತು, ಉಗುರಲ್ಲಿ ಗ್ರೀಸು ಬಂತು.

ಆ ವರ್ಷದ ಮಳೆ ಮುಗಿದ ಮೇಲೆ ಒಂದು ಭಾನುವಾರ ನನಗೆ ಇದ್ದಕ್ಕಿದ್ದಂತೆ ಉತ್ಸಾಹ ಬಂತು. ಐಸಿಲ್ಲದಿದ್ದರೇನು, ಗಾಜನೂರಿನ ಹಿನ್ನೀರಿನಲ್ಲಿ ಒಮ್ಮೆ ಗಾಳ ಇಳಿಸಿ ಬರೋಣ, ಸಿಕ್ಕ ಮೀನನ್ನು ಕ್ಷಮೆ ಕೇಳಿ ಬಿಟ್ಟುಬಿಡೋಣ ಎಂದು ಅವನನ್ನು ಎಬ್ಬಿಸಲು ಭದ್ರಾವತಿಗೆ ಹೋದೆ. ಬಾಗಿಲಲ್ಲಿ ಗಿರಿಜಕ್ಕ ಬೆರಳು ತುಟಿಗೆ ಇಟ್ಟರು.

"ಮಾತಾಡಿಸ್ಬೇಡಿ ಮೇಷ್ಟ್ರೇ," ಎಂದರು ಮೆಲ್ಲಗೆ. "ಅವ್ರು ಕೆಲಸದಲ್ಲಿದ್ದಾರೆ."

ಊಟದ ಮೇಜಿನ ಮೇಲೆ ಬಾಗಿದ ಅವನ ಬೆನ್ನು ಬಾಗಿಲಿನಿಂದ ಕಾಣುತ್ತಿತ್ತು. ಗಿರಿಜಕ್ಕ ಆ ಮಾತನ್ನು ಹೇಳಿದ ರೀತಿ ನೋಡಿದರೆ, ಅದನ್ನು ಮತ್ತೊಮ್ಮೆ ಹೇಳುವ ಆಸೆ ಅವರಿಗಿದ್ದಂತಿತ್ತು. ಅದಕ್ಕಾಗಿಯೇ ನಾನು ಕಿವಿ ಕೇಳದವನಂತೆ "ಏನಂದ್ರಿ?" ಎಂದೆ. "ಕೆಲಸದಲ್ಲಿದ್ದಾರೆ," ಎಂದು ಅವರು ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಿ, ಜಗುಲಿಗೆ ಎರಡು ತಟ್ಟೆ ಅವಲಕ್ಕಿ ತಂದಿಟ್ಟರು. ಗೆಳೆಯನ ಪಾಲಿನ ತಟ್ಟೆಯನ್ನೂ ನಾನೇ ಖಾಲಿ ಮಾಡಿ, ಸದ್ದಾಗದಂತೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಗೇಟು ದಾಟಿದೆ.