ಕೋಲು ಯಾರ ಕೈಯಲ್ಲಿತ್ತು

ಲಿಫ್ಟ್ ಮೇಸ್ತ್ರಿಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ಜನ ಹೇಳುತ್ತಿದ್ದರು. ಅದು ಸುಳ್ಳು. ಮೂಗಿನ ತುದಿಯಲ್ಲಿ ಕಾದು ಕೂರುವಷ್ಟು ತಾಳ್ಮೆ ಆ ಸಿಟ್ಟಿಗೆ ಯಾವತ್ತೂ ಇರಲಿಲ್ಲ.

ಮೂವತ್ತು ವರ್ಷ ಎತ್ತರದ ಕಟ್ಟಡಗಳಲ್ಲಿ ಲಿಫ್ಟ್ ಓಡಾಡುವ ಬಾವಿಗಳೊಳಗೆ, ಗ್ರೀಸ್ ಮೆತ್ತಿದ ಉಕ್ಕಿನ ಹಗ್ಗಗಳ ನಡುವೆ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ನೇತಾಡಿದವನು. ಅಂಥವನಿಗೆ ಆಕಾಶದ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವೇನಿಲ್ಲ. ಓದಿ, ಕಲಿತು, ವಿಮಾನ ಹಾರಿಸುವ ಲೈಸೆನ್ಸ್ ತೆಗೆದುಕೊಂಡ. ಹೆಂಡತಿಯ ತಮ್ಮ ಹಲ್ಲಿನ ಡಾಕ್ಟರು. ಅವನಿಗೂ ಅದೇ ಹುಚ್ಚು, ಅದೇ ಲೈಸೆನ್ಸ್. ಇಬ್ಬರೂ ಸೇರಿ, ಗುಜರಿಗೆ ಹೋಗಬೇಕಿದ್ದ ಎರಡು ಸೀಟಿನ ವಿಮಾನವೊಂದನ್ನು ತಂದು, ಆರು ವರ್ಷ ಶೆಡ್ಡಿನಲ್ಲಿ ಬಿಚ್ಚಿ ಕಟ್ಟಿ, ಹಾರುವ ಹಾಗೆ ಮಾಡಿದರು. ಎಂಜಿನ್ ಕೆಲಸ ಮೇಸ್ತ್ರಿಯದು. ರೆಕ್ಕೆಯ ಬಟ್ಟೆ, ಹೊಲಿಗೆ, ಬಣ್ಣ ಬಾಮೈದನದು. ಆಗ ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದರು.

ಕಳೆದ ವರ್ಷ ಮೇಸ್ತ್ರಿಯ ಹೃದಯ ಕೈಕೊಟ್ಟಿತು. ಎದೆ ಸೀಳಿ ಬೈಪಾಸ್ ಮಾಡಿದರು. ಕೆಮ್ಮಲೂ ಹೆದರಿ ಅವನು ದಿಂಬನ್ನು ಎದೆಗೆ ಅವಚಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ, ಬಾಮೈದ ಕೊಳ್ಳುವವರಿಬ್ಬರನ್ನು ಶೆಡ್ಡಿಗೆ ಕರೆದೊಯ್ದು ವಿಮಾನ ತೋರಿಸಿದ್ದ. "ಭಾವ ಇನ್ನೆಲ್ಲಿ ಹಾರ್ತಾರೆ, ಒಳ್ಳೇ ಕೈಗೆ ಹೋಗ್ಲಿ" ಎಂದನಂತೆ. ಮಾರಾಟ ಕುದುರಲಿಲ್ಲ, ಮಾತು ಮಾತ್ರ ಮೇಸ್ತ್ರಿಯ ಕಿವಿಗೆ ಬಿತ್ತು. ಅಂದಿನಿಂದ ಬಾಮೈದನಿಗೆ ಅವನಿಟ್ಟ ಹೆಸರು ಇಕ್ಕಳ. ಮುಖ ಕೊಟ್ಟು ಮಾತಾಡುವುದೂ ನಿಂತಿತು.

ಎಂಟು ತಿಂಗಳ ಮೇಲೆ ವೈದ್ಯರ ಮಂಡಳಿ ಮೇಸ್ತ್ರಿಯ ಮೈಗೆಲ್ಲ ತಂತಿ ಅಂಟಿಸಿ, ಬೆವರಿಳಿಯುವ ತನಕ ಓಡಿಸಿ, ಒಂದು ಷರತ್ತಿನ ಕಾಗದ ಕೊಟ್ಟಿತು. ಹತ್ತು ಸಲ ಇನ್ನೊಬ್ಬ ಪೈಲಟ್ ಪಕ್ಕದಲ್ಲಿ ಕೂರಬೇಕು. ಹತ್ತೂ ಸರಿಹೋದರೆ ಆಮೇಲೆ ಒಬ್ಬನೇ ಹಾರಬಹುದು. ಮೇಸ್ತ್ರಿಗೆ ಬೇಕಾದದ್ದು ಅದೊಂದೇ: ಒಬ್ಬನೇ ಹಾರುವುದು. ವಿಮಾನ ಹಾರಿಸುವವರ ಕ್ಲಬ್ಬಿನಲ್ಲಿ ಒಬ್ಬೊಬ್ಬರನ್ನೇ ಕೇಳಿದ. ಎಲ್ಲರಿಗೂ ಅವತ್ತೇ ಸೊಂಟ ನೋವು, ಅವತ್ತೇ ಮನೆಗೆ ನೆಂಟರು. ಹೇಡಿಗಳು! ಪಕ್ಕದಲ್ಲಿ ಹೆಣ ಹೊತ್ತು ಇಳಿಯಬೇಕಾದೀತೆಂಬ ಭಯ ಅವರಿಗೆ.

"ಹಾರೋದಾದ್ರೆ ನನ್ನ ತಮ್ಮನ ಜೊತೆ ಹಾರಿ," ಎಂದಳು ಹೆಂಡತಿ. "ಇಲ್ಲಾಂದ್ರೆ ಶೆಡ್ಡಿನ ಬೀಗದಕೈ ಮರೆತುಬಿಡಿ."

"ಅವನ ಪಕ್ಕ ಕೂತ್ರೆ ಇನ್ನೊಂದ್ಸಲ ಎದೆ ಸೀಳಬೇಕಾಗುತ್ತೆ ಕಣೇ."

"ಸೀಳಲಿ. ಈ ಸಲ ಒಳಗಿರೋ ವಿಷಾನೂ ತೆಗೆಸ್ತೀನಿ."

ಆ ವಿಮಾನದಲ್ಲಿ ಇಬ್ಬರ ಮುಂದೂ ವಿಮಾನವನ್ನು ಏರಿಸಿ ಇಳಿಸುವ ಒಂದೊಂದು ಕೋಲು. ಎರಡಕ್ಕೂ ಅಡಿಯಲ್ಲಿ ಸಂಬಂಧವಿದೆ. ಒಂದು ಅಲುಗಿದರೆ ಇನ್ನೊಂದೂ ಅಲುಗುತ್ತದೆ. ಅದಕ್ಕೇ ಬಿಡುವವನು "ನಿಮ್ಮ ಕೈಗೆ" ಎನ್ನಬೇಕು, ಹಿಡಿಯುವವನು "ನನ್ನ ಕೈಲಿದೆ" ಎನ್ನಬೇಕು, ಬಾಯಿಬಿಟ್ಟು. ಕಲಿಯುವವರಿಗೆ ಮೊದಲ ದಿನವೇ ಹೇಳುವ ಪಾಠ ಇದು. ಇವರಿಬ್ಬರು ಒಂಬತ್ತು ಸಲ ಹಾರಿ ಇಳಿದರು, ಬಾಯಿಬಿಡಲಿಲ್ಲ. ರೇಡಿಯೋದಲ್ಲಿ ಕೆಳಗೆ ವಿಮಾನ ಮೈದಾನದವರ ಜೊತೆ ಸಲೀಸಾಗಿ ಮಾತು, ಪಕ್ಕದವನ ಜೊತೆ ಬರೀ ಕೆಮ್ಮು. ಆದರೆ ಪ್ರತಿ ಸಲ ನೆಲ ಹತ್ತಿರವಾದಾಗ ಮೇಸ್ತ್ರಿಯ ಕೋಲಿಗೆ ಒಂದು ಹಗುರವಾದ ತೂಕ ಬರುತ್ತಿತ್ತು. ಇಕ್ಕಳನ ಎರಡು ಬೆರಳು! ಅಲ್ಲಾಡುವ ಹಲ್ಲನ್ನು ಹಿಡಿದು ನೋಡುವ ಹಾಗೆ. ಮೇಸ್ತ್ರಿಗೆ ಮೈಯೆಲ್ಲ ಉರಿಯುತ್ತಿತ್ತು. ಇಳಿಸಿದ್ದು ತಾನೋ ಅವನೋ ಎಂಬುದೇ ಗೊತ್ತಾಗದ ಮೇಲೆ ಈ ಹಾರಾಟಕ್ಕೇನು ಬೆಲೆ?

ಹತ್ತನೆಯ ಸಲ ಅಡ್ಡಗಾಳಿ ಇತ್ತು. ರನ್‌ವೇ ಇನ್ನೇನು ಚಕ್ರಕ್ಕೆ ತಾಗಬೇಕು, ಅಷ್ಟರಲ್ಲಿ ಮತ್ತೆ ಆ ಎರಡು ಬೆರಳು. ಮೇಸ್ತ್ರಿಯ ತಲೆ ಕೆಟ್ಟಿತು. ತಗೋ, ನೀನೇ ಇಳಿಸ್ಕೋ ಎಂದು ಮನಸ್ಸಿನಲ್ಲೇ ಬೈದು, ಎರಡೂ ಕೈ ತೆಗೆದುಬಿಟ್ಟ. ಬಾಮೈದ ಆ ಹೊತ್ತಿಗೆ ಸರಿಯಾಗಿ ಭಾವನ ಮುಖ ನೋಡಿ, ಬೆಚ್ಚಿ, ಬೆರಳು ಹಿಂದೆ ತೆಗೆದುಕೊಂಡಿದ್ದ. ಎರಡು ಕ್ಷಣ ಆ ವಿಮಾನ ಯಾರ ಕೈಯಲ್ಲೂ ಇರಲಿಲ್ಲ. ಅದು ಧೊಪ್ಪನೆ ಬಿತ್ತು, ಪುಟಿಯಿತು, ಮತ್ತೆ ಬಿತ್ತು, ರನ್‌ವೇ ಬಿಟ್ಟು ಹುಲ್ಲಿಗೆ ನುಗ್ಗಿ ಒಂದು ಚಕ್ರ ಮುರಿದುಕೊಂಡು ನಿಂತಿತು. ಇಬ್ಬರಿಗೂ ಗೀರು ಸಹ ಆಗಿರಲಿಲ್ಲ.

ಮೈದಾನದ ಮೇಲ್ವಿಚಾರಕಿ ದೂರದಿಂದ ಓಡಿ ಬರುತ್ತಿದ್ದರು. ಬಾಮೈದ ಅಷ್ಟು ತಿಂಗಳ ಮೇಲೆ ಮೊದಲ ಸಲ ಭಾವನ ಜೊತೆ ಬಾಯಿಬಿಟ್ಟ.

"ಭಾವ, ತಲೆ ಸುತ್ತು ಬಂತು ಅಂದ್ಬಿಡಿ. ಹಾರ್ಟ್ ಆಪರೇಷನ್ ಆದೋರು, ಯಾರೂ ಒಂದು ಮಾತೂ ಆಡಲ್ಲ. ನಿಜ ಹೇಳಿದ್ರೆ ಇಬ್ಬರ ಮಾನಾನೂ ಹೋಗುತ್ತೆ."

"ಇದನ್ನೂ ನನ್ನ ಎದೆ ಮೇಲೆ ಹೊರಿಸ್ತೀಯೇನೋ?" ಮೇಸ್ತ್ರಿ ಗುಡುಗಿದ. "ಇವತ್ತು ಸರಿಯಾಗಿ ಕೆಲಸ ಮಾಡಿದ್ದು ಅದೊಂದೇ ಕಣೋ!"

ಮೇಲ್ವಿಚಾರಕಿ ಏದುಸಿರು ಬಿಡುತ್ತ ಬಂದು ಕೇಳಿದರು. "ಕೋಲು ಯಾರ ಕೈಲಿತ್ತು?"

"ಯಾರ ಕೈಲೂ ಇರ್ಲಿಲ್ಲ ಮೇಡಂ. ನಾನು ಸಿಟ್ಟಲ್ಲಿ ಬಿಟ್ಟೆ."

"ಬಿಟ್ಟೆ ಅಂತ ಇವರಿಗೆ ಹೇಳ್ಬೇಕಿತ್ತಲ್ಲ?"

"ನಾವಿಬ್ರೂ ಮಾತಾಡಲ್ಲ."

ಅವರು ಬೈಯಲಿಲ್ಲ, ಅದೇ ಮೇಸ್ತ್ರಿಗೆ ಹೆಚ್ಚು ಚುಚ್ಚಿತು. ಕ್ಲಬ್ಬಿನ ಡಾಕ್ಟರನ್ನು ಕರೆಸಿ ಮೇಸ್ತ್ರಿಯ ಎದೆಗೆ ತಂತಿ ಅಂಟಿಸಿ ನೋಡಿಸಿದರು. ಆಮೇಲೆ ಮೇಜಿನ ಮುಂದೆ ಕೂತು ವರದಿ ಬರೆಯತೊಡಗಿದರು. ಮೇಸ್ತ್ರಿ ಎದುರಿಗೆ ಕೂತು ತಲೆಕೆಳಗಾದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದ. ಪೈಲಟ್‌ನ ಹೃದಯ: ಯಾವ ದೋಷವೂ ಇಲ್ಲ.

ಈ ಒಂದು ಸಾಲಿಗಾಗಿ ಅವನು ಇಷ್ಟು ದಿನ ಕಾದಿದ್ದ. ಅವನ ಕಣ್ಣು ತುಂಬಿ ಬಂತು.

ಮೇಲ್ವಿಚಾರಕಿ ಪುಟ ತಿರುವಿ ಮುಂದುವರಿಸಿದರು. ವಿಮಾನ ಹಾರಿಸಲು ಯೋಗ್ಯನಲ್ಲ. ಕಾರಣ: ಸ್ವಭಾವ.

ಕಾಗದವನ್ನು ಅವನ ಕಡೆಗೆ ತಿರುಗಿಸಿ ಪೆನ್ನು ಕೊಟ್ಟರು. ಒಪ್ಪಿಗೆ ಇಲ್ಲದಿದ್ದರೆ ಇಲ್ಲೇ ಬರೆಯಬಹುದು ಎಂದರು. ಮೇಸ್ತ್ರಿ ಆ ಸಾಲನ್ನು ಇನ್ನೊಂದು ಸಲ ಓದಿ, ಸಹಿ ಹಾಕಿದ.