ಡಿಲೀಟಕ್ಕನ ಎರಡನೇ ಕಾರ್ಡು

ನನ್ನ ಅಕ್ಕನನ್ನು ಊರಿನವರು ಡಿಲೀಟಕ್ಕ ಎನ್ನುತ್ತಾರೆ. ಮದುವೆ ಫೋಟೋ ತೆಗೆಯುವವಳಿಗೆ ಇದೆಂಥ ಹೆಸರು ಎಂದು ಮೊದಮೊದಲು ನನಗೆ ಮೈ ಉರಿಯುತ್ತಿತ್ತು. ಆಮೇಲೆ ನೋಡಿದರೆ ನಮ್ಮ ಸ್ಟುಡಿಯೋ ನಿಂತಿದ್ದದ್ದೇ ಆ ಹೆಸರಿನ ಮೇಲೆ. ನಾನು ಅವಳ ತಮ್ಮ. ಕೌಂಟರ್, ಆಲ್ಬಂ, ಪ್ರಿಂಟು, ಬಂದವರ ಜೊತೆ ಬಾಯಿ ಬಡಿದುಕೊಳ್ಳುವುದು, ಎಲ್ಲ ನನ್ನ ಪಾಲು. ಅಕ್ಕ ಕ್ಯಾಮೆರಾ ಹಿಡಿದರೆ ಮುಗಿಯಿತು, ತುಟಿ ಪಿಟಕ್ಕೆನ್ನುವವಳಲ್ಲ.

ಅವಳ ಕ್ರಮ ಹೀಗೆ. ಮದುವೆ ಮುಗಿದ ಮೇಲೆ ಮನೆಯವರನ್ನು ಕರೆಸಿ ಒಳಕೋಣೆಯ ದೊಡ್ಡ ಪರದೆಯ ಮುಂದೆ ಕೂರಿಸುತ್ತಾಳೆ. ಅವರಿಗಿಂತ ಮೊದಲು ಆ ಫೋಟೋಗಳನ್ನು ನಾನೂ ನೋಡುವಂತಿಲ್ಲ. ಅವರು ಬೇಕೆಂದದ್ದು ಉಳಿಯುತ್ತದೆ. ಬೇಡವೆಂದದ್ದನ್ನು ಅವರ ಕಣ್ಣೆದುರೇ ಅಳಿಸುತ್ತಾಳೆ. ಬಾಯಿ ತೆರೆದು ಆಕಳಿಸಿದ್ದು, ಮೇಕಪ್ಪು ಅರ್ಧವಾದದ್ದು, ಅಲಂಕಾರದ ಕೋಣೆಯಲ್ಲಿ ಬಟ್ಟೆ ಸರಿಮಾಡಿಕೊಳ್ಳುವಾಗ ಸಿಕ್ಕಿದ್ದು, ಎಲ್ಲ ಹೋಗುತ್ತದೆ. ಪಕ್ಕದ ರಸ್ತೆಯವನು ಡ್ರೋನ್ ಹಾರಿಸಿ ಜನ ಸೇರಿಸುತ್ತಿದ್ದರೂ ತಾಯಂದಿರು ಹೆಣ್ಣುಮಕ್ಕಳನ್ನು ಕರೆದುಕೊಂಡು ನಮ್ಮ ಮೆಟ್ಟಿಲು ಹತ್ತುತ್ತಿದ್ದದ್ದು ಇದಕ್ಕೇ.

ಈ ನಂಬಿಕೆಗೆ ಕುತ್ತು ಬಂದದ್ದು ಹೊಸ ಕ್ಯಾಮೆರಾದಿಂದ. ಹೊಸದು ಎಂದರೆ ನಮಗೆ ಹೊಸದು, ಇನ್ನೊಬ್ಬರು ಬಳಸಿ ಮಾರಿದ್ದು. ಹಳೆಯದರಲ್ಲಿ ಫೋಟೋ ಉಳಿಯುವ ಮೆಮೊರಿ ಕಾರ್ಡು ಒಂದಕ್ಕೇ ಜಾಗವಿತ್ತು, ಇದರಲ್ಲಿ ಎರಡಕ್ಕೆ. ಒಂದು ಕೆಟ್ಟರೆ ಇನ್ನೊಂದರಲ್ಲಿರಲಿ ಎಂದು ತೆಗೆದ ಪ್ರತಿ ಫೋಟೋವನ್ನೂ ಅದು ಎರಡರಲ್ಲೂ ಇಡುತ್ತಿತ್ತು. ಮಾರಿದವನು ಎರಡನೇ ಕಾರ್ಡನ್ನು ಒಳಗೇ ಬಿಟ್ಟಿದ್ದ. ಅಕ್ಕ ತನ್ನ ಕಾರ್ಡನ್ನಷ್ಟೇ ತೆಗೆದು, ತೋರಿಸಿ, ಅಳಿಸುತ್ತ ಬಂದಿದ್ದಳು. ಆ ಇನ್ನೊಂದು ಮಾತ್ರ ಎಲ್ಲವನ್ನೂ ನುಂಗಿಕೊಂಡು ಕೂತಿತ್ತು. ಅದು ತುಂಬಿ ಕ್ಯಾಮೆರಾ ತಕರಾರು ತೆಗೆದಾಗಲೇ ನಮಗೆ ಗೊತ್ತಾದದ್ದು.

ಯಾರಿಗೂ ಗೊತ್ತಿಲ್ಲ, ಈಗಲೇ ಒರೆಸಿ ಹಾಕು ಎಂದೆ ನಾನು. ಯಾರಾದರೂ ಹೇಳುವುದು ಅದನ್ನೇ ತಾನೆ? ಅಕ್ಕ ಒಪ್ಪಲಿಲ್ಲ. ಫೋಟೋ ಅವರದ್ದು, ಅವರ ಬೆನ್ನ ಹಿಂದೆ ಮುಟ್ಟುವುದಕ್ಕೆ ತಾನು ಯಾರು, ಒಬ್ಬೊಬ್ಬರನ್ನೇ ಕರೆಸಿ ವಿಷಯ ಹೇಳಿ ಅವರ ಮುಂದೆಯೇ ಅಳಿಸುತ್ತೇನೆ ಎಂದು ಹಟ ಹಿಡಿದಳು. ನಾನು ಹಣೆ ಹಣೆ ಚಚ್ಚಿಕೊಂಡೆ. ಕೊನೆಗೆ, ಹೋಟೆಲ್ ಮನೆಯವರ ಕೆಲಸ ಕೈಗೆ ಬರುವವರೆಗಾದರೂ ಸುಮ್ಮನಿರು ಎಂದು ಗೋಗರೆದೆ. ಅಷ್ಟಕ್ಕೆ ಒಪ್ಪಿ ಕಾರ್ಡನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದಳು. ಅಂದಿನಿಂದ ನನ್ನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ.

ಹೋಟೆಲ್ ಮನೆ ಎಂದರೆ ಬಸ್ ನಿಲ್ದಾಣದ ಎದುರಿನ ನಾಲ್ಕು ಮಹಡಿಯ ಹೋಟೆಲಿನವರು. ಆ ಮನೆಯ ಯಜಮಾನತಿಯನ್ನು ಊರೆಲ್ಲ ದೊಡ್ಡಮ್ಮ ಎನ್ನುತ್ತದೆ. ಅವರಿಗೆ ಮೂರು ಹೆಣ್ಣುಮಕ್ಕಳು, ಮೂವರ ಮದುವೆಯೂ ಸಾಲಾಗಿ ಬರುವುದಿತ್ತು. ಆ ಮನೆಯವರು ಒಮ್ಮೆ ಒಬ್ಬರನ್ನು ನೆಚ್ಚಿಕೊಂಡರೆ ಅವರ ಬಳಗವೆಲ್ಲ ಹಿಂದೆಯೇ ಬರುತ್ತದೆ.

ದೊಡ್ಡಮ್ಮ ಬಂದ ಬೆಳಗ್ಗೆ ನಾನು ಕುರ್ಚಿ ಒರೆಸಿದ್ದೇ ಒರೆಸಿದ್ದು. ಅವರ ತಂಗಿಯ ಮಗಳ ಒಂದು ಫೋಟೋ ಯಾವನೋ ಫೋಟೋದವನಿಂದ ಸೋರಿ ಫೋನಿಂದ ಫೋನಿಗೆ ಹರಿದಾಡಿ ಮದುವೆಯೇ ಮುರಿದಿತ್ತಂತೆ. ಹಾಗಾಗಿ ಕೇಳಿದ್ದನ್ನೇ ತಿರುಗಿಸಿ ಮುರುಗಿಸಿ ಕೇಳಿದರು. ಅಳಿಸಿದ್ದು ನಿಜವಾಗಿ ಹೋಗುತ್ತದೆಯೇ, ಎಲ್ಲಾದರೂ ಉಳಿಯುತ್ತದೆಯೇ? ಅಕ್ಕನ ಕಣ್ಣು ಬೀಗ ಹಾಕಿದ ಡ್ರಾಯರಿನತ್ತ ಹೋಯಿತು. ಅವಳು ಏನಾದರೂ ಒದರಿಬಿಟ್ಟಾಳೆಂದು ನಾನೇ ಬಾಯಿ ಹಾಕಿದೆ.

"ಇಲ್ಲಿ ಅಳ್ಸಿದ್ಮೇಲೆ ದೇವರೇ ಬಂದು ಕೇಳಿದ್ರೂ ಸಿಗಲ್ಲ, ದೊಡ್ಡಮ್ಮ."

ಅಕ್ಕ ನನ್ನತ್ತ ನೋಡಿದ ನೋಟಕ್ಕೆ ನಾನು ನೆಲ ನೋಡಿದೆ. ದೊಡ್ಡಮ್ಮನ ಮುಖ ಮಾತ್ರ ಸಡಿಲವಾಯಿತು. ಮೊದಲ ಮದುವೆಯ ದಿನ ಹೇಳಲು ಬಾಯಿ ತೆರೆದರು.

ಅಷ್ಟರಲ್ಲಿ ಗಾಜಿನ ಬಾಗಿಲು ತಳ್ಳಿಕೊಂಡು ಒಬ್ಬಳು ಒಳಗೆ ಬಂದಳು. ಆಸ್ಪತ್ರೆಯ ನರ್ಸು. ಹೊಸ ಕ್ಯಾಮೆರಾದಲ್ಲಿ ಅಕ್ಕ ತೆಗೆದ ಮೊದಮೊದಲ ಮದುವೆಗಳಲ್ಲಿ ಅವಳದ್ದೂ ಒಂದು. ಅವಳ ಅಪ್ಪ ಆ ದಿನ ಕುಡಿದು ಬಂದು ನೆಂಟರ ಮುಂದೆ ತೂರಾಡಿದ್ದ. ಫೋಟೋ ಆರಿಸಲು ಬಂದಾಗ ಅವಳು ಕಣ್ಣು ಕೆಂಪು ಮಾಡಿಕೊಂಡು, ಅಪ್ಪ ಇರುವ ಒಂದನ್ನೂ ಬಿಡದೆ ಅಳಿಸಿ ಹಾಕಿಸಿದ್ದಳು.

ನಮಸ್ಕಾರ ಹೇಳಲಿಲ್ಲ, ಕೂರಲೂ ಇಲ್ಲ. ಅಪ್ಪ ತೀರಿಕೊಂಡರು ಎಂದಳು. ಮನೆಯಲ್ಲಿ ಇರುವುದು ಗುರುತಿನ ಚೀಟಿಯಲ್ಲಿನ ಉಗುರಿನಷ್ಟು ಮುಖ ಒಂದೇ, ಅದನ್ನು ದೊಡ್ಡದು ಮಾಡಿಸಿದರೆ ಯಾರೋ ಕಳ್ಳನ ಹಾಗೆ ಕಾಣುತ್ತಾರೆ ಎಂದಳು.

"ನಾನೇ ಅಳ್ಸಿ ಅಂದೆ, ನನ್ನ ಮುಂದೇನೇ ಅಳ್ಸಿದ್ರಿ, ಗೊತ್ತು. ಆದ್ರೂ ಕೇಳ್ತಿದೀನಕ್ಕ. ಎಲ್ಲಾದ್ರೂ ಒಂದು ಉಳಿದಿದ್ಯಾ?"

ನಾಳೆ ಬಾ ಎನ್ನು, ಹುಡುಕಿ ನೋಡುತ್ತೇನೆ ಎನ್ನು, ಏನಾದರೂ ಒಂದು ಸುಳ್ಳು ಹೇಳು ಮಾರಾಯ್ತಿ ಎಂದು ನಾನು ಅಕ್ಕನನ್ನು ಕಣ್ಣಲ್ಲೇ ಬೇಡಿದೆ. ದೊಡ್ಡಮ್ಮ ಉತ್ತರಕ್ಕಾಗಿ ಅಕ್ಕನ ಮುಖವನ್ನೇ ನೋಡುತ್ತಿದ್ದರು. ಆ ಹುಡುಗಿಯೂ ಅದೇ ಮುಖವನ್ನು ನೋಡುತ್ತಿದ್ದಳು.

"ಇದೆ," ಎಂದಳು ಅಕ್ಕ.

ಆಮೇಲೆ ಎರಡನೇ ಕಾರ್ಡಿನ ಕಥೆಯನ್ನು ಇಬ್ಬರಿಗೂ ಕೇಳುವಂತೆ ಹೇಳಿದಳು. ತನಗೆ ಗೊತ್ತಾದದ್ದು ಈಚೆಗೆ, ಎಲ್ಲರಿಗೂ ಹೇಳಬೇಕಿತ್ತು, ಹೇಳಲಿಲ್ಲ ಎಂದಳು. ತಮ್ಮ ಬೇಡವೆಂದ ಎಂದು ಮಾತ್ರ ಹೇಳಲಿಲ್ಲ. ಅಂದಿದ್ದರೂ ನನಗೆ ಇಷ್ಟು ನೋಯುತ್ತಿರಲಿಲ್ಲ.

ದೊಡ್ಡಮ್ಮ ಕೂಗಾಡಲಿಲ್ಲ. ಕೈಚೀಲ ಎತ್ತಿಕೊಂಡು ಎದ್ದು ನನ್ನ ಕಡೆ ತಿರುಗಿ, ದೇವರು ಬರುವುದೇ ಬೇಕಾಗಲಿಲ್ಲವಲ್ಲಪ್ಪ ಎಂದರು. ಅಕ್ಕನಿಗೆ ಮಾತ್ರ, ನಿಜ ಹೇಳಿದಿರಿ, ಒಳ್ಳೆಯದಾಗಲಿ, ಆದರೆ ನನ್ನ ಮಕ್ಕಳನ್ನು ಇಲ್ಲಿಗೆ ಕಳಿಸಲಾರೆ ಎಂದು ಹೇಳಿ ಮೆಟ್ಟಿಲಿಳಿದರು. ಮೂರು ಮದುವೆ, ಇಡೀ ಬಳಗ, ನಮ್ಮ ಕಣ್ಣೆದುರೇ ಬೀದಿ ದಾಟಿ ಹೋಯಿತು.

ಅಕ್ಕ ಒಳಕೋಣೆಯಲ್ಲಿ ಆ ಹುಡುಗಿಯನ್ನು ಕೂರಿಸಿ, ಡ್ರಾಯರಿನಲ್ಲಿದ್ದ ಕಾರ್ಡು ಹಾಕಿ ಪರದೆಯ ಮೇಲೆ ಅಪ್ಪನ ಫೋಟೋ ತೆರೆದಳು. ಆತ ಸಭಾಂಗಣದ ಕೊನೆಯ ಸಾಲಿನಲ್ಲಿ ಒಬ್ಬನೇ ಕೂತಿದ್ದ. ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದ. ಎರಡೂ ಕೈ ಮಂಡಿಗಳ ನಡುವೆ ಇಟ್ಟುಕೊಂಡು ದೂರದ ವೇದಿಕೆಯ ಮೇಲಿದ್ದ ಮಗಳನ್ನು ನೋಡುತ್ತಿದ್ದ. ಹುಡುಗಿ ಮೇಜಿಗೆ ತಲೆ ಇಟ್ಟು ಅತ್ತಳು. ನಾನು ಹೊರಗೆ ಪ್ರಿಂಟು ತೆಗೆದೆ. ಸಿಟ್ಟಿನಲ್ಲಿದ್ದೆ, ಆದರೂ ಒಳ್ಳೆಯ ಕಾಗದಕ್ಕೇ ತೆಗೆದೆ. ಅವಳು ಅಕ್ಕನ ಕೈ ಹಿಡಿದು, ಈ ಉಪಕಾರ ಸಾಯುವವರೆಗೂ ಮರೆಯುವುದಿಲ್ಲ ಎಂದಳು. ಹೋಗಲಿ ಬಿಡು, ಇಷ್ಟಾದರೂ ಉಳಿಯಿತು ಎಂದುಕೊಂಡೆ.

ಬಾಗಿಲ ಹತ್ತಿರ ಹೋದವಳು ನಿಂತಳು.

"ಅಕ್ಕ, ಹಾಗಾದ್ರೆ ನಂದು ಮಿಕ್ಕಿದ್ದೂ ಅದರಲ್ಲಿದೆ ಅಲ್ವಾ? ಆ ಅಲಂಕಾರದ ಕೋಣೇಲಿ ತೆಗೆದಿದ್ದು?"

ಅಕ್ಕ ಹೌದು ಎಂದಳು. ಹುಡುಗಿಯ ಮುಖದ ಬಣ್ಣವೇ ಬದಲಾಯಿತು. ನನ್ನ ಕಡೆ ಒಮ್ಮೆ ನೋಡಿ ದುಪಟ್ಟಾ ಸರಿಮಾಡಿಕೊಂಡಳು. ಆ ಫೋಟೋಗಳನ್ನು ನಾನು ಕಣ್ಣೆತ್ತಿಯೂ ನೋಡಿರಲಿಲ್ಲ. ಆದರೆ ಹಾಗೆಂದು ಹೇಳುವುದಾದರೂ ಹೇಗೆ? ನನ್ನನ್ನು ಹೊರಗೆ ಕಳಿಸಿ ಅಕ್ಕ ಮತ್ತೆ ಪರದೆ ಹಚ್ಚಿದಳು. ಈ ಸಲ ಅಳಿಸುವ ಗುಂಡಿಯನ್ನು ಆ ಹುಡುಗಿಯೇ ಒತ್ತಿದಳಂತೆ. ಮುಗಿದ ಮೇಲೆ ಕಾರ್ಡನ್ನೇ ಕೊಡಿ ಎಂದು ಕೈ ಚಾಚಿದಳಂತೆ. ಬೇರೆ ಮನೆಗಳವರ ಫೋಟೋ ಇದೆ, ಕೊಡಲಾರೆ ಎಂದಿದ್ದಾಳೆ ಅಕ್ಕ. ಹಾಗಾದರೆ ಇನ್ನೆಲ್ಲೂ ಇಲ್ಲವೆಂದು ನಾನು ಹೇಗೆ ನಂಬಲಿ ಎಂದು ಅವಳು ಕೇಳಿದಳಂತೆ. ಅಪ್ಪನ ಫೋಟೋವನ್ನು ಎದೆಗವಚಿಕೊಂಡು, ಅಕ್ಕನ ಮುಖ ನೋಡದೆ ಹೋದಳು.

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಇವಳಿಗಾಗಿ ಎಲ್ಲ ಕಳೆದುಕೊಂಡಿದ್ದಕ್ಕೆ ಇದಾ ಮರ್ಯಾದೆ ಎಂದು ಒದರಾಡಿದೆ. ಅಕ್ಕ ಬಂದು ನನ್ನೆದುರಿನ ಸ್ಟೂಲಿನ ಮೇಲೆ ಕೂತಳು.

"ಅವಳ್ನ ಬಿಡು. ಇನ್ನೆಲ್ಲೂ ಇಲ್ಲ ಅಂತ ನಾನು ಹೇಳಿದ್ರೆ, ನೀನು ನಂಬ್ತೀಯಾ?"

ನಂಬುತ್ತೇನೆ ಎಂದೆ. ಆದರೆ ಹಾಗೆನ್ನುವ ಮೊದಲು, ಎಂದೂ ನಿಲ್ಲದ ನನ್ನ ಬಾಯಿ ಒಂದು ಕ್ಷಣ ನಿಂತಿತು. ಅವಳು ಅದನ್ನು ಗಮನಿಸಿದಳು. ಫೋನ್ ಎತ್ತಿಕೊಂಡು, ಕಾರ್ಡಿನಲ್ಲಿದ್ದ ಮುಂದಿನ ಮನೆಯವರಿಗೆ ಕರೆ ಮಾಡಿದಳು.